ಗಾನಯೋಗಿ ಪಂಚಾಕ್ಷರಿ ಗವಾಯಿಗಳು: ಮಗುವಿನ ದಾರಿಯನ್ನರಿತ ಗುರು

ಭೂಮಿಯ ಗುಣವನ್ನರಿತು ಬಿತ್ತುವುದು ಒಕ್ಕಲಿಗನ ಧರ್ಮ. ಯಲಬುರ್ಗಾ ಸೀಮೆಯ ಎರೆಹೊಲದಲ್ಲಿ ಹಿಂಗಾರಿ ಜೋಳ, ಕಡಲೆಗಳು ಹುಲುಸಾಗಿ ಬೆಳೆಯುತ್ತವೆ. ಗಂಗಾವತಿಯ ಕಾಲುವೆ ಬಯಲಿನಲ್ಲಿ ಭತ್ತದ ತೆನೆ ತೂಗುತ್ತದೆ. ಎರೆಹೊಲದಲ್ಲಿ ಭತ್ತ ಬಾರದೆಂದು ಆ ನೆಲವನ್ನು ಬಂಜರೆಂದು ಕರೆಯುವ ರೈತನಿಲ್ಲ. ಆದರೆ ಮಕ್ಕಳ ವಿಷಯದಲ್ಲಿ ಈ ವಿವೇಕವು ಲೋಕಕ್ಕೆ ಎಷ್ಟೋ ವೇಳೆ ಮರೆತುಹೋಗುತ್ತದೆ. ಎಲ್ಲರೊಡನೆ ಒಂದೇ ಹೆಜ್ಜೆಯಲ್ಲಿ ನಡೆಯಲಾರದ ಮಗುವನ್ನು ದಡ್ಡನೆಂದು, ಹಣೆಬರಹ ಕೆಟ್ಟವನೆಂದು ಮೂಲೆಗೊತ್ತುವುದು ಸುಲಭ. ಆ ಮಗು ಯಾವ ದಾರಿಯಿಂದ ವಿದ್ಯೆಯನ್ನು ಸೇರಬಲ್ಲುದೆಂದು ಹುಡುಕುವುದು ಕಷ್ಟ. ಈ ಕಷ್ಟದ ಕೆಲಸವನ್ನೇ ತಪಸ್ಸನ್ನಾಗಿ ಮಾಡಿಕೊಂಡ ಮಹನೀಯರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು.

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿ ಒಂದು ಚಿಕ್ಕ ಗ್ರಾಮ. ಅಲ್ಲಿಯ ಚರಂತಿಮಠದ ಗುರುಪಾದಯ್ಯ ಹಾಗೂ ನೀಲಮ್ಮ ದಂಪತಿಗಳ ಉದರದಲ್ಲಿ 1892ನೆಯ ಫೆಬ್ರುವರಿ 2ರಂದು ಗವಾಯಿಗಳು ಜನಿಸಿದರು. ಬಾಲ್ಯದ ಹೆಸರು ಗದಿಗೆಯ್ಯ. ಅವರಿಗೂ ಅವರ ಅಣ್ಣ ಗುರುಬಸಯ್ಯನವರಿಗೂ ಕಣ್ಣಿನ ಬೆಳಕಿರಲಿಲ್ಲ. ಒಂದು ಮನೆಯಲ್ಲಿ ಇಬ್ಬರು ಅಂಧ ಬಾಲಕರೆಂದರೆ ಹೆತ್ತವರ ಎದೆಯ ಭಾರ ಎಷ್ಟೆಂಬುದನ್ನು ಊಹಿಸಬಹುದು. ಆ ಕಾಲದ ಹಳ್ಳಿಗಳಲ್ಲಿ ಅಂಧ ಮಗುವಿಗೆ ಶಾಲೆಯಿರಲಿಲ್ಲ, ಉದ್ಯೋಗವಿರಲಿಲ್ಲ. ಪೂರ್ವಜನ್ಮದ ಕರ್ಮವೆಂಬ ನೆರೆಹೊರೆಯವರ ಮಾತು ತಾಯಿಯನ್ನು ನೋಯಿಸುತ್ತಿತ್ತು. ಕೇಳುತ್ತ ಕುಳಿತ ಮಗುವನ್ನು ಅದಕ್ಕಿಂತ ಹೆಚ್ಚಾಗಿ ನೋಯಿಸುತ್ತಿತ್ತು. ಕಣ್ಣಿಲ್ಲದ ಮಗುವಿಗೆ ಕಿವಿಯಿದೆ, ಕಿವಿಯ ಹಿಂದೆ ಮನಸ್ಸಿದೆ ಎಂಬುದನ್ನು ಆಡುವವರು ಮರೆಯುತ್ತಾರೆ.

ಆ ಸಹೋದರರಿಗೆ ಶಿವನು ಕಂಠವನ್ನು ಕೊಟ್ಟಿದ್ದನು. ಅವರ ಹಾಡು ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಮಹಾಸ್ವಾಮಿಗಳವರ ಕಿವಿಗೆ ಬಿದ್ದುದು ಈ ಚರಿತ್ರೆಯ ತಿರುವು. 1867ರಲ್ಲಿ ಜನಿಸಿ, 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹಾತ್ಮರು, ಬಾಲಕರ ಕೈಗೆ ಭಿಕ್ಷೆಯನ್ನಿಟ್ಟು ಆಶೀರ್ವದಿಸಿ ಕಳುಹಿಸಬಹುದಾಗಿತ್ತು. ಲೋಕದ ಕಣ್ಣಿಗೆ ಅದೇ ದೊಡ್ಡ ದಯೆಯೆನಿಸುತ್ತಿತ್ತು. ಆದರೆ ಅವರು ಬಾಲಕರಲ್ಲಿ ಇಲ್ಲದುದನ್ನು ಎಣಿಸದೆ ಇರುವುದನ್ನು ಎಣಿಸಿದರು. ಕಣ್ಣಿನ ದಾರಿ ಮುಚ್ಚಿದ್ದರೆ ಕಿವಿಯ ದಾರಿ ತೆರೆದಿದೆ. ಆ ದಾರಿಯಿಂದಲೇ ಇವರು ವಿದ್ಯಾವಂತರಾಗಬೇಕೆಂದು ಸಂಕಲ್ಪಿಸಿದರು. ಪಂಚಾಕ್ಷರಿಯೆಂಬ ಹೆಸರು ಗದಿಗೆಯ್ಯನವರಿಗೆ ದೊರೆತುದು ಆ ಗುರುವಿನಿಂದಲೇ.

ಸಂಕಲ್ಪವು ಬಾಯಿಮಾತಿನಲ್ಲಿ ನಿಲ್ಲಲಿಲ್ಲ. ಬಾಲಕನನ್ನು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತವನ್ನು ಕಲಿಸಲಾಯಿತು. ಬಳಿಕ ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಗಾಯನದ ಶಿಕ್ಷಣ ದೊರೆಯಿತು. ಓಲೆಯಿಲ್ಲ, ಪುಸ್ತಕವಿಲ್ಲ, ಕೇಳುವುದು, ಹಾಡುವುದು, ತಪ್ಪಿದರೆ ಮತ್ತೆ ಕೇಳುವುದು. ಕಂಠಸಂಗೀತದೊಡನೆ ವಾದ್ಯಗಳನ್ನೂ ಅವರು ಸಾಧಿಸಿದರು. ಎರಡು ಪದ್ಧತಿಗಳಲ್ಲಿಯೂ ಸಮಾನವಾದ ಅಧಿಕಾರವನ್ನು ಪಡೆದು ಉಭಯಗಾನ ವಿಶಾರದರೆನಿಸಿಕೊಂಡರು. ಶರಣರ ವಚನಗಳನ್ನು ಶಾಸ್ತ್ರೀಯ ರಾಗಗಳಲ್ಲಿ ಹಾಡುವ ಪರಂಪರೆಗೆ ಅವರಿಂದ ಬಲ ಬಂದಿತು.

ಇಷ್ಟು ವಿದ್ಯೆ ಕೈಸೇರಿದ ಮೇಲೆ ಅರಮನೆಯ ಆಶ್ರಯವನ್ನು, ದೊಡ್ಡ ಪಟ್ಟಣದ ಮನ್ನಣೆಯನ್ನು ಅರಸಿ ಹೋಗುವುದು ಸಹಜವಾಗಿತ್ತು. ಗವಾಯಿಗಳು ಹಾಗೆ ಮಾಡಲಿಲ್ಲ. ತಮಗೆ ತೆರೆದ ದಾರಿಯನ್ನು ತಮ್ಮಂಥ ಮಕ್ಕಳಿಗೂ ತೆರೆಯಬೇಕೆಂದು ಬಗೆದರು. ಶಿಷ್ಯರನ್ನು ಕಟ್ಟಿಕೊಂಡು ಊರೂರು ಸಂಚರಿಸುವ ಸಂಗೀತ ಪಾಠಶಾಲೆ ಅವರದಾಯಿತು. ಭಕ್ತರು ಕೊಟ್ಟ ಕಾಳುಕಡಿಯೇ ಅದರ ಆದಾಯ. 1930ರಲ್ಲಿ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದರು. ಗುರುವಿನ ನೆರಳು ಹೋದರೂ ಗವಾಯಿಗಳು ಒಬ್ಬ ಶಿಷ್ಯನನ್ನೂ ಮನೆಗೆ ಹೋಗೆನ್ನಲಿಲ್ಲ. ಕಡೆಗೆ ಆ ಪಾಠಶಾಲೆ ಗದಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವೆಂದು ಪ್ರಸಿದ್ಧವಾಯಿತು.

ಆ ಆಶ್ರಮದ ರೀತಿಯನ್ನು ಶಿಕ್ಷಕರೂ ಪಾಲಕರೂ ಗಮನವಿಟ್ಟು ನೋಡಬೇಕು. ಅಂಧರೂ ಕಣ್ಣುಳ್ಳವರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದರು, ಒಂದೇ ಶ್ರುತಿಗೆ ಸ್ವರ ಸೇರಿಸಿದರು. ಕಂಠ ಒಲಿದವನಿಗೆ ಗಾಯನ, ಬೆರಳು ಒಲಿದವನಿಗೆ ತಬಲಾ, ಹಾರ್ಮೋನಿಯಂ, ಪಿಟೀಲು. ಎಲ್ಲರಿಗೂ ಒಂದೇ ಅಳತೆಯ ಅಂಗಿಯನ್ನು ಹೊಲಿಯುವ ಕ್ರಮ ಅಲ್ಲಿರಲಿಲ್ಲ. ದಯೆಯೊಂದರಿಂದಲೇ ಮಗುವಿನ ಮನಸ್ಸು ಗಟ್ಟಿಯಾಗದು. ತಾನೂ ಒಂದು ಕೆಲಸಕ್ಕೆ ಬೇಕಾದವನು, ತನಗೂ ಒಂದು ಸ್ಥಾನವಿದೆ ಎಂಬ ಅರಿವಿನಿಂದ ಗಟ್ಟಿಯಾಗುತ್ತದೆ. ಕಾಯಕದ ತತ್ತ್ವವನ್ನು ನೆಚ್ಚಿದ ಪರಂಪರೆಯಲ್ಲಿ ಬೆಳೆದ ಗವಾಯಿಗಳಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ನೆಯ ಮಾರ್ಚ್ 3ರಂದು ಜನಿಸಿದ ಪುಟ್ಟಯ್ಯನೆಂಬ ಶಿಶು ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿತು. ಹತ್ತು ವರ್ಷ ತುಂಬುವುದರೊಳಗೆ ತಂದೆತಾಯಿಗಳನ್ನೂ ಕಳೆದುಕೊಂಡಿತು. ಆದರೆ ಸೋದರಮಾವ ಚಂದ್ರಶೇಖರಯ್ಯನವರು ಕೈಬಿಡಲಿಲ್ಲ. ಬಾಲಕನು ಹಾರ್ಮೋನಿಯಂ ನುಡಿಸುವುದನ್ನು ಕಂಡು, ಅವನ ಒಲವು ಎಲ್ಲಿದೆಯೆಂದು ಗುರುತಿಸಿ ಗವಾಯಿಗಳ ಬಳಿಗೆ ಕರೆತಂದರು. ಮನೆಯವರ ಕಣ್ಣು ಮತ್ತು ಗುರುವಿನ ಕೈ ಎರಡೂ ಕೂಡಿದಾಗ ಏನಾಗಬಹುದೆಂಬುದಕ್ಕೆ ಆ ಬಾಲಕನೇ ಸಾಕ್ಷಿ. ಮುಂದೆ ಅವರೇ ಪಂಡಿತ ಪುಟ್ಟರಾಜ ಗವಾಯಿಗಳಾಗಿ, ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು.

ಇನ್ನೊಬ್ಬ ಶಿಷ್ಯರು ಯಲಿವಾಳದ ಬಸವರಾಜ ರಾಜಗುರು. ಅವರಿಗೆ ಕಣ್ಣಿತ್ತು; ಆದರೆ ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ದುಃಖವಿತ್ತು. ಗವಾಯಿಗಳು ಅವರನ್ನೂ ಮಡಿಲಿಗೆ ಹಾಕಿಕೊಂಡರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಗಂಗಾವತಿ ತಾಲೂಕಿನ ಆನೆಗುಂದಿಯಿಂದ ತುಂಗಭದ್ರೆಯನ್ನು ದಾಟಿದರೆ ಹಂಪೆಯೇ. ಆ ಮಹಾಸಭೆಯಲ್ಲಿ ರಾಜಗುರು ಅವರ ಮೊದಲ ಕಛೇರಿ. ಅಂದು ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರಿ ಗವಾಯಿಗಳು! ಉಭಯಗಾನ ವಿಶಾರದರಾದ ಗುರುಗಳು ತಮ್ಮ ಗಾಯನವನ್ನು ಮುಂದುಮಾಡದೆ ಹುಡುಗನ ಪಕ್ಕದಲ್ಲಿ ಕುಳಿತು ತಾಳವನ್ನು ಹಿಡಿದರು. ಸಭೆಯೆದುರು ನಡುಗುವ ಎಳೆಯನಿಗೆ ಅಂಜಬೇಡವೆಂಬ ಉಪದೇಶಕ್ಕಿಂತ, ಪಕ್ಕದಲ್ಲಿ ಕೇಳಿಬರುವ ಗುರುವಿನ ಠೇಕಾ ದೊಡ್ಡ ಧೈರ್ಯ. ಶಿಕ್ಷಕಧರ್ಮದ ಸಾರವೆಲ್ಲ ಆ ಒಂದು ದೃಶ್ಯದಲ್ಲಿ ಅಡಗಿದೆ.

ಪಂಚಾಕ್ಷರಿ ಗವಾಯಿಗಳು 1944ನೆಯ ಜೂನ್ 11ರಂದು ಲಿಂಗೈಕ್ಯರಾದರು. ಆಗ ಅವರಿಗೆ ಐವತ್ತೆರಡು ವರ್ಷ. ಅವರ ತರುವಾಯ ಪುಟ್ಟರಾಜ ಗವಾಯಿಗಳು ಆಶ್ರಮದ ಭಾರವನ್ನು ಹೊತ್ತು, 2010ನೆಯ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಸಂದಿತ್ತು. ಶ್ರಾವಣಮಾಸದಲ್ಲಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಮಠಗಳಲ್ಲಿ ಪುರಾಣ ಪ್ರವಚನ ನಡೆಯುವಾಗ ಹಾರ್ಮೋನಿಯಂ ಹಿಡಿದು ಹಾಡುವ, ತಬಲಾ ನುಡಿಸುವ ಅಂಧ ಗವಾಯಿಗಳನ್ನು ಜನರು ಗೌರವದಿಂದ ಕರೆದು ಕೂರಿಸುತ್ತಾರೆ. ಅನುಕಂಪಕ್ಕೆ ಪಾತ್ರರಾಗಿ ಉಳಿಯಬಹುದಾಗಿದ್ದವರು ಹೀಗೆ ಸಭೆಗೆ ಭೂಷಣರಾದುದು ಗದಗಿನ ಆ ತಪಸ್ಸಿನ ಫಲ.

ಅಂಧತ್ವ ಎಲ್ಲರಿಗೂ ಕಾಣುವ ಕೊರತೆ. ಕಾಣದ ಕೊರತೆಯುಳ್ಳ ಮಕ್ಕಳ ಪಾಡು ಅದಕ್ಕಿಂತ ಕಠಿನ. ಮಾತಿನಲ್ಲಿ ಚುರುಕಾದ, ಲೆಕ್ಕವನ್ನು ಬಾಯಲ್ಲೇ ಹೇಳಬಲ್ಲ ಹುಡುಗನು ಓದಲು ನಿಂತರೆ ಒತ್ತಕ್ಷರದಲ್ಲಿ ತಡವರಿಸುತ್ತಾನೆ. ಕೊಂಬು, ದೀರ್ಘಗಳನ್ನು ಬಿಡುತ್ತಾನೆ. ಹೋಲುವ ಅಕ್ಷರಗಳನ್ನು ಒಂದರ ಬದಲು ಇನ್ನೊಂದಾಗಿ ಬರೆಯುತ್ತಾನೆ. ಎಷ್ಟು ತಿದ್ದಿದರೂ ತಪ್ಪು ಮರಳುತ್ತದೆ. ಇದು ಸೋಮಾರಿತನವಲ್ಲವೆಂದು, ಅಕ್ಷರವನ್ನೂ ಧ್ವನಿಯನ್ನೂ ಜೋಡಿಸುವ ಮಿದುಳಿನ ರೀತಿಯಲ್ಲಿರುವ ಭೇದವೆಂದು ಈಗಿನ ಶಾಸ್ತ್ರ ತಿಳಿಸುತ್ತದೆ. 1995ರ ಕಾಯಿದೆಯ ಪಟ್ಟಿಯಲ್ಲಿ ಇಲ್ಲದಿದ್ದ ಈ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ತನ್ನ 21 ಬಗೆಗಳಲ್ಲಿ ಸೇರಿಸಿ, ಶಾಲೆಗಳು ಅದನ್ನು ಬೇಗ ಗುರುತಿಸಿ ತಕ್ಕ ಕ್ರಮದಿಂದ ಕಲಿಸಬೇಕೆಂದು ವಿಧಿಸಿದೆ. ಅಂಥ ಮಗುವಿಗೆ ಬೆತ್ತದ ಪೆಟ್ಟು ಕಣ್ಣಿಲ್ಲದವನಿಗೆ ನೋಡೆಂದು ಹೊಡೆದಂತೆ. ಕೇಳಿಸಿ ಕಲಿಸುವುದು, ಬಾಯಿಂದ ಉತ್ತರ ಪಡೆಯುವುದು, ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದಿಸುವುದು, ಬರೆಯಲು ಹೆಚ್ಚು ಸಮಯ ಕೊಡುವುದು ಇವೆಲ್ಲ ಗವಾಯಿಗಳ ಮಾರ್ಗದ ಮುಂದಿನ ಹೆಜ್ಜೆಗಳೇ.

ಮನಸ್ಸಿನ ನೋವೂ ಹೀಗೆಯೇ ಕಣ್ಣಿಗೆ ಕಾಣದು. ಶಾಲೆಗೆ ಹೊರಡುವ ಹೊತ್ತಿಗೆ ದಿನವೂ ಹೊಟ್ಟೆನೋವೆನ್ನುವ, ಊಟ ನಿದ್ರೆ ಬಿಟ್ಟ, ಗೆಳೆಯರಿಂದ ದೂರ ಸರಿದ ಮಗುವನ್ನು ಗದರಿಸುವ ಮೊದಲು ಬಳಿಗೆ ಕರೆದು ಕೇಳಬೇಕು. ದೃಷ್ಟಿ ತೆಗೆಸಿ ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಜಿಲ್ಲಾ ಮಟ್ಟದಲ್ಲಿ ಮನೋವೈದ್ಯಕೀಯ ಸೇವೆಯನ್ನು ಜನರ ಬಳಿಗೆ ಒಯ್ಯುವ ಪ್ರಯೋಗವನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಡೆಸಿದುದು ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿಯಲ್ಲಿ ಉಚಿತವಾಗಿ ಸಲಹೆ ದೊರೆಯುತ್ತದೆ. ನೆರವನ್ನು ಕೇಳುವುದರಲ್ಲಿ ಮನೆತನದ ಮಾನಕ್ಕೆ ಕುಂದಿಲ್ಲ.

ಕಾಡಶೆಟ್ಟಿಹಳ್ಳಿಯ ಆ ಬಾಲಕನ ಹಾಡನ್ನು ಯಾರೂ ಕಿವಿಗೊಟ್ಟು ಕೇಳದಿದ್ದರೆ ನಾಡಿಗೆ ಪಂಚಾಕ್ಷರಿ ಗವಾಯಿಗಳಿಲ್ಲ, ಪುಣ್ಯಾಶ್ರಮವಿಲ್ಲ, ಪುಟ್ಟರಾಜರಿಲ್ಲ. ತರಗತಿಯ ಕೊನೆಯ ಸಾಲಿನಲ್ಲಿ ತಲೆತಗ್ಗಿಸಿ ಕುಳಿತ ಮಗುವಿನೊಳಗೆ ಯಾವ ರಾಗ ಅಡಗಿದೆಯೋ ಶಿವನೇ ಬಲ್ಲ. ಕಿವಿಗೊಡುವ ಗುರುವೂ ಕೈಬಿಡದ ಮನೆಯೂ ಆ ಮಗುವಿಗೆ ದೊರೆಯಲಿ. ಗವಾಯಿಗಳ ಸ್ಮರಣೆಗೆ ಅದಕ್ಕಿಂತ ಮಿಗಿಲಾದ ಪೂಜೆಯಿಲ್ಲ.