ಬೆನೆಗಲ್ ರಾಮ ರಾವ್

ಸರ್ ಬೆನೆಗಲ್ ರಾಮ ರಾವ್ (1 ಜುಲೈ 1889 – 13 ಡಿಸೆಂಬರ್ 1969) ಅವರು ಭಾರತೀಯ ರಿಸರ್ವ್ ಬ್ಯಾಂಕಿನ ನಾಲ್ಕನೆಯ ಗವರ್ನರ್ ಆಗಿದ್ದವರು. ಇಂಡಿಯನ್ ಸಿವಿಲ್ ಸರ್ವಿಸಿನ ಅಧಿಕಾರಿಯಾಗಿ, ರಾಜತಂತ್ರಜ್ಞರಾಗಿಯೂ ಸೇವೆ ಸಲ್ಲಿಸಿದ ಇವರು 1 ಜುಲೈ 1949ರಿಂದ 14 ಜನವರಿ 1957ರವರೆಗೆ, ಅಂದರೆ ಏಳೂವರೆ ವರ್ಷಗಳ ಕಾಲ, ಗವರ್ನರ್ ಹುದ್ದೆಯಲ್ಲಿದ್ದರು. ಆ ಬ್ಯಾಂಕಿನ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ಗವರ್ನರ್ ಆಗಿದ್ದವರು ಬೇರೊಬ್ಬರಿಲ್ಲ. ದೊರೆಯ ಚಿತ್ರದ ಬದಲಿಗೆ ಅಶೋಕ ಸ್ತಂಭದ ಸಿಂಹಗಳನ್ನು ಹೊತ್ತ ರಿಸರ್ವ್ ಬ್ಯಾಂಕಿನ ಮೊದಲ ನೋಟುಗಳ ಮೇಲೆ ಇರುವ ಸಹಿ ಇವರದು. ಹಣಕಾಸು ಸಚಿವರೊಡನೆ ಉಂಟಾದ ಭಿನ್ನಾಭಿಪ್ರಾಯದಿಂದಾಗಿ ಅವಧಿ ಮುಗಿಯುವ ಮೊದಲೇ ರಾಜೀನಾಮೆ ನೀಡಿದರು.

ಮನೆತನ ಮತ್ತು ವಿದ್ಯಾಭ್ಯಾಸ

ರಾಮ ರಾವ್ ಅವರದು ಮಂಗಳೂರಿನಲ್ಲಿ ನೆಲೆಸಿದ್ದ, ಕೊಂಕಣಿ ಮನೆಮಾತಿನ ಚಿತ್ರಾಪುರ ಸಾರಸ್ವತ ಕುಟುಂಬ. ಮನೆತನದ ಹೆಸರು ಈಗಿನ ಉಡುಪಿ ಜಿಲ್ಲೆಯ ಬೆನೆಗಲ್ ಎಂಬ ಊರಿನಿಂದ ಬಂದುದು. ಅವರ ಮನೆತನದ ಊರು ಬಾರಕೂರಿನ ಸೀಮೆಗೆ ಸೇರಿದ್ದೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಆಳುಪರ ಹಾಗೂ ವಿಜಯನಗರದ ಕಾಲದ ಕರಾವಳಿಯ ಶಾಸನಗಳಲ್ಲಿ ಬಾರಕೂರು ಗದ್ಯಾಣ ಎಂಬ ನಾಣ್ಯದ ಹೆಸರು ಮತ್ತೆ ಮತ್ತೆ ಬರುತ್ತದೆ. ಅದೇ ಸೀಮೆಯ ಮನೆತನದ ಒಬ್ಬರು ಇಡೀ ದೇಶದ ನೋಟುಗಳಿಗೆ ಸಹಿ ಹಾಕುವಂತಾದದ್ದು ಆಕಸ್ಮಿಕವಾದರೂ ಸ್ವಾರಸ್ಯಕರ.

ತಂದೆ ಬೆನೆಗಲ್ ರಾಘವೇಂದ್ರ ರಾವ್ ವೈದ್ಯರಾಗಿದ್ದರು. ಅಣ್ಣ ಬೆನೆಗಲ್ ನರಸಿಂಗ ರಾವ್ (1887–1953) ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು; ಕೊನೆಗಾಲದಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. ಸಹೋದರ ಬೆನೆಗಲ್ ಶಿವ ರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು. 1952ರ ಮೊದಲ ಲೋಕಸಭೆಗೆ ದಕ್ಷಿಣ ಕನ್ನಡ ಜಿಲ್ಲೆಯ ದಕ್ಷಿಣ ಭಾಗದ ಕ್ಷೇತ್ರದಿಂದ ಆಯ್ಕೆಯಾದವರು.

ರಾಮ ರಾವ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ ಸಿವಿಲ್ ಸರ್ವಿಸ್ ಸೇರಿದರು. 1919ರಲ್ಲಿ ಧನ್ವಂತಿ ಹಂಡೂ ಅವರನ್ನು ವಿವಾಹವಾದರು. ಧನ್ವಂತಿಯವರು ಕಾಶ್ಮೀರಿ ಪಂಡಿತ ಕುಟುಂಬದವರಾದರೂ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಒಬ್ಬ ಕೊಂಕಣಿಗ ಹಾಗೂ ಒಬ್ಬ ಕಾಶ್ಮೀರಿ ಯುವತಿಯ ನಡುವಿನ ಈ ಮದುವೆ ಆ ಕಾಲಕ್ಕೆ ಸಾಮಾನ್ಯವಾದುದಾಗಿರಲಿಲ್ಲ.

ಆಡಳಿತ ಮತ್ತು ರಾಜತಾಂತ್ರಿಕ ಸೇವೆ

ದುಂಡುಮೇಜಿನ ಪರಿಷತ್ತಿನ ಕಾಲದಲ್ಲಿ ಲಂಡನ್ನಿಗೆ ತೆರಳಿದ ರಾಮ ರಾವ್ ಮುಂದೆ ಅಲ್ಲಿಯೇ ಭಾರತದ ಉಪ ಹೈಕಮಿಷನರ್ ಆದರು. ಬಳಿಕ ದಕ್ಷಿಣ ಆಫ್ರಿಕಾದಲ್ಲಿ ಭಾರತದ ಪ್ರತಿನಿಧಿಯಾಗಿ, 1940ರ ದಶಕದಲ್ಲಿ ಮುಂಬಯಿ ಬಂದರು ಮಂಡಳಿಯ ಅಧ್ಯಕ್ಷರಾಗಿ ಕೆಲಸ ಮಾಡಿದರು. ಸ್ವಾತಂತ್ರ್ಯಾನಂತರ ಟೋಕಿಯೋದಲ್ಲಿ ಭಾರತವನ್ನು ಪ್ರತಿನಿಧಿಸಿ, 1948ರಲ್ಲಿ ಅಮೆರಿಕಕ್ಕೆ ರಾಯಭಾರಿಯಾಗಿ ಹೋದರು. ಅಲ್ಲಿಂದ ಮರಳಿದವರಿಗೆ ರಿಸರ್ವ್ ಬ್ಯಾಂಕಿನ ಹೊಣೆ ಬಂದಿತು.

ರಿಸರ್ವ್ ಬ್ಯಾಂಕಿನ ಗವರ್ನರ್

ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಸಿ. ಡಿ. ದೇಶಮುಖ್ ಅವರ ನಂತರ ರಾಮ ರಾವ್ ಅಧಿಕಾರ ವಹಿಸಿಕೊಂಡರು. 1935ರಲ್ಲಿ ಷೇರುದಾರರ ಸಂಸ್ಥೆಯಾಗಿ ಆರಂಭವಾಗಿದ್ದ ಬ್ಯಾಂಕು 1 ಜನವರಿ 1949ರಂದು ರಾಷ್ಟ್ರೀಕರಣಗೊಂಡು ಆರು ತಿಂಗಳಾಗಿತ್ತಷ್ಟೇ. ಅವರು ಬಂದು ಮೂರು ತಿಂಗಳಾಗುವಷ್ಟರಲ್ಲಿ, ಸೆಪ್ಟೆಂಬರ್ 1949ರಲ್ಲಿ, ಬ್ರಿಟನ್ನಿನ ಪೌಂಡಿನ ಬೆನ್ನಿಗೇ ರೂಪಾಯಿಯೂ ಅಪಮೌಲ್ಯಗೊಂಡು ಅದರ ಬೆಲೆ ಸುಮಾರು 30 ಅಮೆರಿಕನ್ ಸೆಂಟುಗಳಿಂದ 21 ಸೆಂಟುಗಳಿಗೆ ಇಳಿಯಿತು. ನವೆಂಬರ್ 1951ರಲ್ಲಿ ಬ್ಯಾಂಕ್ ದರವನ್ನು ಶೇಕಡಾ 3ರಿಂದ 3.5ಕ್ಕೆ ಏರಿಸಲಾಯಿತು. ಬ್ಯಾಂಕುಗಳು ತಮ್ಮ ವ್ಯಾಪಾರ ಹುಂಡಿಗಳ ಆಧಾರದ ಮೇಲೆ ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುವ ಹುಂಡಿ ಮಾರುಕಟ್ಟೆ ಯೋಜನೆ ಜನವರಿ 1952ರಲ್ಲಿ ಜಾರಿಗೆ ಬಂದಿತು. ಈ ಯೋಜನೆಯನ್ನು ಓದುಗರು ನೆನಪಿನಲ್ಲಿಡಬೇಕು. ಅವರ ರಾಜೀನಾಮೆಯ ಕಥೆಗೂ ಇದಕ್ಕೂ ನೇರ ಸಂಬಂಧವಿದೆ.

ಹಳ್ಳಿಗಳಲ್ಲಿ ರೈತರಿಗೆ ಸಾಲ ಎಲ್ಲಿಂದ ಸಿಗುತ್ತದೆ, ಯಾವ ಬಡ್ಡಿಗೆ ಸಿಗುತ್ತದೆ ಎಂಬುದನ್ನು ತಿಳಿಯಲು 1951ರಲ್ಲಿ ಕೈಗೊಂಡ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಅವರ ಅವಧಿಯ ಬಹುದೊಡ್ಡ ಕಾರ್ಯ. ಎ. ಡಿ. ಗೋರ್ವಾಲಾ ಅವರ ಅಧ್ಯಕ್ಷತೆಯ ಸಮಿತಿ 1954ರಲ್ಲಿ ನೀಡಿದ ವರದಿಯ ಫಲವಾಗಿ ಇಂಪೀರಿಯಲ್ ಬ್ಯಾಂಕು 1 ಜುಲೈ 1955ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಗಿ ರೂಪಾಂತರಗೊಂಡಿತು.

ನೋಟುಗಳ ಹೊಸ ರೂಪ

ಸ್ವಾತಂತ್ರ್ಯ ಬಂದ ಮೇಲೆಯೂ ಜನರ ಕೈಯಲ್ಲಿದ್ದದ್ದು ಆರನೆಯ ಜಾರ್ಜ್ ದೊರೆಯ ಚಿತ್ರವಿದ್ದ ನೋಟುಗಳೇ. ಅದರ ಜಾಗದಲ್ಲಿ ಯಾವ ಚಿತ್ರವಿರಬೇಕು ಎಂಬ ಪ್ರಶ್ನೆ ಎದ್ದಾಗ ಮೊದಲು ಎಲ್ಲರಿಗೂ ಹೊಳೆದದ್ದು ಮಹಾತ್ಮ ಗಾಂಧಿಯವರ ಭಾವಚಿತ್ರ. ಅದಕ್ಕೆ ತಕ್ಕ ವಿನ್ಯಾಸಗಳೂ ಸಿದ್ಧವಾಗಿದ್ದವು. ಆದರೆ ಚರ್ಚೆಯ ಕೊನೆಯಲ್ಲಿ ಸಾರನಾಥದ ಅಶೋಕ ಸ್ತಂಭದ ಸಿಂಹಶೀರ್ಷವೇ ಸೂಕ್ತವೆಂಬ ಒಮ್ಮತ ಮೂಡಿತು. ಈ ಚಿಹ್ನೆಯನ್ನು ಹೊತ್ತ ಮೊದಲ ನೋಟು ಒಂದು ರೂಪಾಯಿಯದು; ಅದನ್ನು 1949ರಲ್ಲಿ ಹೊರತಂದದ್ದು ಭಾರತ ಸರ್ಕಾರ.

ಒಂದು ರೂಪಾಯಿಯ ನೋಟಿನ ವಿಷಯದಲ್ಲಿ ಅನೇಕರಿಗೆ ಗೊಂದಲವಿರುವುದರಿಂದ ಇಲ್ಲಿ ವಿವರಣೆ ಅಗತ್ಯ. ಎರಡು ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ನೋಟುಗಳು ರಿಸರ್ವ್ ಬ್ಯಾಂಕಿನವು; ಅವುಗಳ ಮೇಲೆ ಗವರ್ನರ್ ಸಹಿ ಇರುತ್ತದೆ, ಮುದ್ರಿತ ಮೊತ್ತವನ್ನು ಕೊಡುವ ವಾಗ್ದಾನವೂ ಇರುತ್ತದೆ. ಒಂದು ರೂಪಾಯಿಯ ನೋಟು ಸರ್ಕಾರದ್ದು. ಅದರ ಮೇಲೆ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ, ವಾಗ್ದಾನವಿರುವುದಿಲ್ಲ. ಕಾರಣ, ಕಾನೂನಿನ ದೃಷ್ಟಿಯಲ್ಲಿ ಅದು ರೂಪಾಯಿ ನಾಣ್ಯಕ್ಕೆ ಸಮ. ಬೆಳ್ಳಿಯ ಅಭಾವದಿಂದಾಗಿ ಮೊದಲನೆಯ ಮಹಾಯುದ್ಧದ ವೇಳೆ 1917ರಲ್ಲಿ ನಾಣ್ಯದ ಬದಲಿಗೆ ಹುಟ್ಟಿಕೊಂಡ ಈ ನೋಟು 1926ರಲ್ಲಿ ನಿಂತು, ಎರಡನೆಯ ಮಹಾಯುದ್ಧ ಬಂದಾಗ 1940ರಲ್ಲಿ ಮತ್ತೆ ಕಾಣಿಸಿಕೊಂಡಿತು. ಎರಡು ರೂಪಾಯಿಯ ನೋಟೂ ಅದೇ ಯುದ್ಧದ ಕೂಸು, ಬಂದದ್ದು 1943ರಲ್ಲಿ. ಹೀಗೆ ಲೋಹ ದುರ್ಲಭವಾದಾಗ ಸಣ್ಣ ಮೊತ್ತಗಳು ಕಾಗದಕ್ಕೆ ಬರುವುದು, ಕಾಗದ ಬೇಗ ಹರಿದು ಖರ್ಚು ಹೆಚ್ಚಿದಾಗ ಮತ್ತೆ ಲೋಹಕ್ಕೆ ಮರಳುವುದು ರೂಪಾಯಿಯ ಇತಿಹಾಸದಲ್ಲಿ ಹೊಸತಲ್ಲ.

1950ರಿಂದ ಹೊರಬಂದ 2, 5, 10 ಮತ್ತು 100 ರೂಪಾಯಿಗಳ ಸಿಂಹಶೀರ್ಷದ ನೋಟುಗಳು ರಾಮ ರಾವ್ ಅವರ ಸಹಿಯವು. ಸಿಂಹಶೀರ್ಷವನ್ನು ಬಿಟ್ಟರೆ ಉಳಿದ ವಿನ್ಯಾಸ ಬಹುಮಟ್ಟಿಗೆ ಹಳೆಯದೇ ಆಗಿತ್ತು. ಓದಲು ಬಾರದವರು ಬಣ್ಣ ಮತ್ತು ಗಾತ್ರದಿಂದಲೇ ನೋಟನ್ನು ಗುರುತಿಸುತ್ತಿದ್ದ ಕಾಲದಲ್ಲಿ ಇದು ವಿವೇಕದ ಕ್ರಮವೇ ಸರಿ. ಹತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಮೊದಲಿನಂತೆಯೇ ಹಾಯಿಹಡಗಿನ ಚಿತ್ರ ಉಳಿಯಿತು. ನೇತ್ರಾವತಿಯ ದಾರಿಯಾಗಿ ಬಂಟ್ವಾಳದ ಪೇಟೆಯಿಂದ ಮಂಗಳೂರಿನ ಹಳೆಬಂದರಿಗೆ ಸರಕು ದೋಣಿಯಲ್ಲಿ ಸಾಗುತ್ತಿದ್ದ ದಿನಗಳನ್ನು ಕಂಡವರಿಗೆ ಈ ಚಿತ್ರದಲ್ಲಿ ಹೊಸದೇನೂ ಕಂಡಿರಲಾರದು.

1953ರಿಂದ ನೋಟುಗಳಲ್ಲಿ ಹಿಂದಿಗೆ ಪ್ರಧಾನ ಸ್ಥಾನ ದೊರೆಯಿತು. ಆಗ ಒಂದು ವ್ಯಾಕರಣದ ತಕರಾರು ಎದ್ದಿತು: ಹಿಂದಿಯಲ್ಲಿ ರುಪಯಾ ಶಬ್ದದ ಬಹುವಚನ ಹೇಗಿರಬೇಕು? ಚರ್ಚೆ ನಡೆದು ರುಪಯೇ ಎಂಬ ರೂಪ ನಿಶ್ಚಯವಾಯಿತು. ಹಿಂಬದಿಯ ಭಾಷಾ ಪಟ್ಟಿಯಲ್ಲಿ ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಮೊತ್ತವನ್ನು ಮುದ್ರಿಸಲಾಗುತ್ತಿತ್ತು. 1946ರಲ್ಲಿ ರದ್ದಾಗಿದ್ದ ದೊಡ್ಡ ನೋಟುಗಳು 1954ರಲ್ಲಿ ಹೊಸ ರೂಪದಲ್ಲಿ ಮರಳಿದವು. ಸಾವಿರ ರೂಪಾಯಿಯ ನೋಟಿನಲ್ಲಿ ತಂಜಾವೂರಿನ ದೇವಾಲಯ, ಐದು ಸಾವಿರದ ನೋಟಿನಲ್ಲಿ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾ, ಹತ್ತು ಸಾವಿರದ ನೋಟಿನಲ್ಲಿ ಸಿಂಹಶೀರ್ಷ ಇದ್ದವು. ಹತ್ತು ಸಾವಿರಕ್ಕಿಂತ ದೊಡ್ಡ ನೋಟನ್ನು ರಿಸರ್ವ್ ಬ್ಯಾಂಕು ಎಂದೂ ಹೊರತಂದಿಲ್ಲ.

ಚಿತ್ರಕ್ಕಿಂತ ಮುಖ್ಯವಾದ ಬದಲಾವಣೆ 1956ರಲ್ಲಾಯಿತು. ಅಲ್ಲಿಯವರೆಗೆ ಚಲಾವಣೆಗೆ ಬಿಟ್ಟ ನೋಟುಗಳ ಮೌಲ್ಯದ ಶೇಕಡಾ 40ರಷ್ಟನ್ನು ಚಿನ್ನ ಹಾಗೂ ವಿದೇಶಿ ಭದ್ರತಾಪತ್ರಗಳ ರೂಪದಲ್ಲಿ ಇರಿಸಿಕೊಳ್ಳಬೇಕೆಂಬ ನಿಯಮವಿತ್ತು. ಪಂಚವಾರ್ಷಿಕ ಯೋಜನೆಗಳಿಂದ ಹಣದ ಬೇಡಿಕೆ ಏರುತ್ತಿದ್ದುದರಿಂದ ಈ ಪ್ರಮಾಣವನ್ನು ಕೈಬಿಟ್ಟು, 115 ಕೋಟಿ ರೂಪಾಯಿಗಳ ಚಿನ್ನ ಮತ್ತು 400 ಕೋಟಿ ರೂಪಾಯಿಗಳ ವಿದೇಶಿ ಭದ್ರತಾಪತ್ರಗಳಿದ್ದರೆ ಸಾಕು ಎಂದು ಕಾಯಿದೆಯನ್ನು ತಿದ್ದಲಾಯಿತು. ಮರುವರ್ಷ ಈ ಮಿತಿಯನ್ನು ಒಟ್ಟು 200 ಕೋಟಿಗೆ ಇಳಿಸಲಾಯಿತು.

ಆಣೆಯಿಂದ ನಯಾ ಪೈಸೆಗೆ

ನಾಣ್ಯಗಳನ್ನು ಟಂಕಿಸುವುದು ಸರ್ಕಾರದ ಅಧಿಕಾರ. ಅವುಗಳನ್ನು ಜನರಿಗೆ ತಲುಪಿಸುವುದು ರಿಸರ್ವ್ ಬ್ಯಾಂಕಿನ ಕೆಲಸ. ಗಣರಾಜ್ಯದ ಮೊದಲ ನಾಣ್ಯಮಾಲೆ 15 ಆಗಸ್ಟ್ 1950ರಂದು ಬಂದಿತು. ದೊರೆಯ ತಲೆಯ ಜಾಗದಲ್ಲಿ ಸಿಂಹಶೀರ್ಷ ಬಂದಿತು. ರೂಪಾಯಿ ನಾಣ್ಯದ ಮೇಲಿದ್ದ ಹುಲಿಯ ಬದಲಿಗೆ ತೆನೆಗಳು ಬಂದವು. ಆದರೆ ಲೆಕ್ಕ ಹಳೆಯದೇ: ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ, ಒಟ್ಟು ರೂಪಾಯಿಗೆ 192 ಪೈ.

1955ರಲ್ಲಿ ಸಂಸತ್ತು ನಾಣ್ಯ ಕಾಯಿದೆಗೆ ತಿದ್ದುಪಡಿ ತಂದು ರೂಪಾಯಿಯನ್ನು ನೂರು ಪಾಲು ಮಾಡಿತು. ಹೊಸ ಲೆಕ್ಕ 1 ಏಪ್ರಿಲ್ 1957ರಂದು ಜಾರಿಗೆ ಬಂದಿತು. ಹಳೆಯ ಪೈಸೆಯೊಡನೆ ಗೊಂದಲವಾಗದಿರಲೆಂದು ಹೊಸದಕ್ಕೆ ನಯಾ ಪೈಸೆ ಎಂದು ಹೆಸರಿಟ್ಟರು; 1964ರಲ್ಲಿ ನಯಾ ಎಂಬುದನ್ನು ಕೈಬಿಡಲಾಯಿತು. ತೊಡಕಿದ್ದದ್ದು ಪರಿವರ್ತನೆಯಲ್ಲಿ. ನಾಲ್ಕಾಣೆಗೆ 25, ಎಂಟಾಣೆಗೆ 50, ಹನ್ನೆರಡಾಣೆಗೆ 75 ಎಂಬುದು ಸಲೀಸು. ಆದರೆ ಒಂದಾಣೆಗೆ ಆರೂಕಾಲು ಪೈಸೆ. ಆದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ನಯಾ ಪೈಸೆ ಎಂದು ಕೋಷ್ಟಕವನ್ನು ನಿಗದಿಪಡಿಸಲಾಯಿತು. ಒಂದೊಂದೇ ಆಣೆಯ ಸರಕನ್ನು ನಾಲ್ಕು ಸಲ ಕೊಂಡವನು 24 ಪೈಸೆ ಕೊಟ್ಟರೆ, ಒಟ್ಟಿಗೆ ಕೊಂಡವನು 25 ಕೊಡಬೇಕಾಗುತ್ತಿತ್ತು. ಕೆಲವು ವರ್ಷ ಹಳೆಯ ನಾಣ್ಯಗಳೂ ಹೊಸವೂ ಒಟ್ಟಿಗೆ ಓಡಾಡಿದವು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಪಿಗ್ಮಿ ಠೇವಣಿ ಸಂಗ್ರಹಿಸುತ್ತಿದ್ದ ಜಿಲ್ಲೆಯಿದು; ಇಂಥ ಕಡೆ ಅರ್ಧ ಪೈಸೆಯ ವ್ಯತ್ಯಾಸವೂ ಲೆಕ್ಕಕ್ಕೆ ಬರುವಂಥದು.

ಬದಲಾವಣೆಯ ಸಿದ್ಧತೆ ನಡೆದದ್ದು ರಾಮ ರಾವ್ ಅವರ ಕಾಲದಲ್ಲಿ. ಆದರೆ ನಯಾ ಪೈಸೆ ಜನರ ಕೈಸೇರಿದ ದಿನ ಅವರು ಹುದ್ದೆಯಲ್ಲಿರಲಿಲ್ಲ.

ರಾಜೀನಾಮೆ

ಸಿ. ಡಿ. ದೇಶಮುಖ್ ಹಣಕಾಸು ಸಚಿವರಾಗಿದ್ದಷ್ಟು ದಿನ ಬ್ಯಾಂಕಿಗೂ ಸಚಿವಾಲಯಕ್ಕೂ ಹೊಂದಾಣಿಕೆಯಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮುಂಬಯಿಯ ಸ್ಥಾನದ ಪ್ರಶ್ನೆಯ ಮೇಲೆ ದೇಶಮುಖ್ 1956ರಲ್ಲಿ ಸಚಿವ ಸಂಪುಟವನ್ನು ತೊರೆದರು. ಅವರ ಸ್ಥಾನಕ್ಕೆ ಟಿ. ಟಿ. ಕೃಷ್ಣಮಾಚಾರಿ ಬಂದರು.

ನವೆಂಬರ್ 1956ರ ಕೊನೆಯಲ್ಲಿ ಹೊಸ ಸಚಿವರು ಮಂಡಿಸಿದ ಮಸೂದೆಯಲ್ಲಿ ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಗಣನೀಯವಾಗಿ ಏರಿಸಲಾಗಿತ್ತು. ಹುಂಡಿ ಮಾರುಕಟ್ಟೆ ಯೋಜನೆಯಡಿ ಬ್ಯಾಂಕುಗಳು ಸಾಲ ಪಡೆಯುತ್ತಿದ್ದದ್ದು ಇಂಥ ಹುಂಡಿಗಳ ಮೇಲೆಯೇ ಆದುದರಿಂದ, ಅವುಗಳಿಗೆ ಸಾಲದ ವೆಚ್ಚ ಶೇಕಡಾ ಅರ್ಧದಷ್ಟು ಹೆಚ್ಚಿತು. ಬ್ಯಾಂಕ್ ದರವನ್ನು ಏರಿಸಿದರೆ ಆಗುವ ಪರಿಣಾಮವೂ ಇದೇ. ಬಡ್ಡಿದರ ನಿರ್ಧರಿಸುವುದು ರಿಸರ್ವ್ ಬ್ಯಾಂಕಿನ ಕೆಲಸ. ಅದನ್ನು ತೆರಿಗೆಯ ಹಾದಿಯಲ್ಲಿ ಸಚಿವಾಲಯವೇ ಮಾಡಿದರೆ ದೇಶದಲ್ಲಿ ಎರಡು ಅಧಿಕಾರಗಳು ಬೇರೆ ಬೇರೆ ದರಗಳನ್ನು ಹೇಳಿದಂತಾಗುತ್ತದೆ ಎಂಬುದು ರಾಮ ರಾವ್ ಅವರ ಆಕ್ಷೇಪದ ತಿರುಳು. ಸಚಿವರು ಬ್ಯಾಂಕನ್ನು ತಮ್ಮ ಇಲಾಖೆಯ ಒಂದು ವಿಭಾಗವೆಂಬಂತೆ ಕಂಡದ್ದು, ಒರಟಾಗಿ ಮಾತನಾಡಿದ್ದು ಅವರನ್ನು ಇನ್ನಷ್ಟು ನೋಯಿಸಿತು. ಡಿಸೆಂಬರಿನಲ್ಲಿ ಬ್ಯಾಂಕಿನ ಕೇಂದ್ರ ಮಂಡಳಿ, ಹಣಕಾಸು ನೀತಿಯನ್ನು ಬಾಧಿಸುವ ವಿಷಯಗಳಲ್ಲಿ ಮೊದಲೇ ಸಮಾಲೋಚಿಸಬೇಕೆಂದು ಸರ್ಕಾರವನ್ನು ಕೋರಿತು.

ಪ್ರಧಾನಿ ನೆಹರೂ ಸಚಿವರ ಪಕ್ಷವನ್ನೇ ವಹಿಸಿದರು. ಬ್ಯಾಂಕು ಸರ್ಕಾರದ ಹಲವು ಚಟುವಟಿಕೆಗಳ ಒಂದು ಭಾಗ, ಸಲಹೆ ನೀಡಬಹುದು, ಆದರೆ ಸರ್ಕಾರದ ನೀತಿಗೆ ವಿರುದ್ಧವಾಗಿ ನಡೆಯಲಾಗದು ಎಂಬುದು ಅವರ ನಿಲುವಾಗಿತ್ತು. ಚುನಾಯಿತ ಸರ್ಕಾರದ ಹೊಣೆಯ ದೃಷ್ಟಿಯಿಂದ ಆ ನಿಲುವಿನಲ್ಲಿಯೂ ಹುರುಳಿಲ್ಲದಿರಲಿಲ್ಲ. ಆದರೆ ರಾಮ ರಾವ್ ಅವರಿಗೆ ಹುದ್ದೆಯಲ್ಲಿ ಮುಂದುವರಿಯುವ ದಾರಿ ಉಳಿಯಲಿಲ್ಲ. ಅವರು ರಾಜೀನಾಮೆ ನೀಡಿ 14 ಜನವರಿ 1957ರಂದು ನಿರ್ಗಮಿಸಿದರು. ಕೆ. ಜಿ. ಅಂಬೇಗಾಂವಕರ್ ಕೆಲವು ವಾರಗಳ ಮಟ್ಟಿಗೆ ಹೊಣೆ ಹೊತ್ತರು. ಮಾರ್ಚ್ 1ರಂದು ಎಚ್. ವಿ. ಆರ್. ಅಯ್ಯಂಗಾರ್ ಗವರ್ನರ್ ಆದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಬ್ಯಾಂಕ್ ದರವನ್ನು ಶೇಕಡಾ 4ಕ್ಕೆ ಏರಿಸಿ, ಮುದ್ರಾಂಕ ಶುಲ್ಕವನ್ನು ತಗ್ಗಿಸಲಾಯಿತು. ಬ್ಯಾಂಕಿನ ಸ್ವಾಯತ್ತತೆಯ ಚರ್ಚೆ ಬಂದಾಗಲೆಲ್ಲ, ಡಿಸೆಂಬರ್ 2018ರಲ್ಲಿ ಊರ್ಜಿತ್ ಪಟೇಲ್ ರಾಜೀನಾಮೆ ನೀಡಿದಾಗಲೂ, ಈ ಪ್ರಕರಣವನ್ನು ಸ್ಮರಿಸಲಾಗಿದೆ.

ಕುಟುಂಬ ಮತ್ತು ಕೊನೆಯ ವರ್ಷಗಳು

ಪತ್ನಿ ಧನ್ವಂತಿ ರಾಮ ರಾವ್ 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿ, ಆ ಕ್ಷೇತ್ರದ ಅಂತಾರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷೆಯೂ ಆದರು. 1959ರಲ್ಲಿ ಪದ್ಮಭೂಷಣ ಪಡೆದರು. ಮಗಳು ಶಾಂತಾ ರಾಮ ರಾವ್ ಇಂಗ್ಲಿಷಿನಲ್ಲಿ ಬರೆದ ಹೆಸರಾಂತ ಲೇಖಕಿ. ಇ. ಎಂ. ಫಾರ್ಸ್ಟರ್ ಅವರ ಎ ಪ್ಯಾಸೇಜ್ ಟು ಇಂಡಿಯಾ ಕಾದಂಬರಿಯನ್ನು ರಂಗರೂಪಕ್ಕೆ ತಂದವರು ಅವರೇ.

ರಾಮ ರಾವ್ 13 ಡಿಸೆಂಬರ್ 1969ರಂದು ನಿಧನರಾದರು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ, ಗಾಂಧೀಜಿಯವರ ಜನ್ಮಶತಾಬ್ದಿಯ ನೆನಪಿಗೆ, ಗಾಂಧೀಜಿಯವರ ಚಿತ್ರವಿದ್ದ ನೋಟುಗಳು ಮೊದಲ ಬಾರಿಗೆ ಚಲಾವಣೆಗೆ ಬಂದಿದ್ದವು. ಸಿಂಹಶೀರ್ಷದ ಎದುರು ಎರಡು ದಶಕಗಳ ಹಿಂದೆ ಬದಿಗೆ ಸರಿದಿದ್ದ ಆಲೋಚನೆ ಹೀಗೆ ಕಾರ್ಯರೂಪಕ್ಕೆ ಬಂದಿತು. 1996ರಿಂದ ಮಹಾತ್ಮ ಗಾಂಧಿ ಸರಣಿಯ ನೋಟುಗಳು ರೂಢಿಗೆ ಬಂದವು. 1954ರಲ್ಲಿ ಮರಳಿದ್ದ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು ಜನವರಿ 1978ರಲ್ಲಿ ರದ್ದಾದವು. ಒಂದು, ಎರಡು ಮತ್ತು ಐದು ರೂಪಾಯಿಗಳ ನೋಟುಗಳ ಮುದ್ರಣವನ್ನು 1990ರ ದಶಕದ ಮಧ್ಯಭಾಗದಲ್ಲಿ ನಿಲ್ಲಿಸಿ ಅವುಗಳ ಜಾಗಕ್ಕೆ ನಾಣ್ಯಗಳನ್ನು ತರಲಾಯಿತು. ಒಂದು ರೂಪಾಯಿಯ ನೋಟು 2015ರಲ್ಲಿ ಮತ್ತೆ ಮುದ್ರಣ ಕಂಡಿತು. ಅದರ ಮೇಲೆ ಈಗಲೂ ಇರುವುದು ಹಣಕಾಸು ಕಾರ್ಯದರ್ಶಿಯ ಸಹಿಯೇ.