ಬುಕ್ಕರಾಯ: ಪ್ರತೀಕಾರ, ದಂಡ ಮತ್ತು ಒಡಂಬಡಿಕೆ

ವಿಜಯನಗರದ ಮೊದಲನೆಯ ಬುಕ್ಕರಾಯನನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಎರಡು ದಿಕ್ಕಿನಲ್ಲಿ ಸಾಗಿದೆ. ಒಂದು ಆತನನ್ನು ರಾಜ್ಯವಿಸ್ತಾರಕನನ್ನಾಗಿಯೂ ವೇದಭಾಷ್ಯಗಳ ರಚನೆಗೆ ಆಶ್ರಯವಿತ್ತ ಪೋಷಕನನ್ನಾಗಿಯೂ ಚಿತ್ರಿಸುತ್ತದೆ. ಇನ್ನೊಂದು ಜೈನ-ಶ್ರೀವೈಷ್ಣವ ವಿವಾದವನ್ನು ಬಗೆಹರಿಸಿದ ಸಮನ್ವಯಕಾರನೆಂದು ಕೊಂಡಾಡುತ್ತದೆ. ಬಳ್ಳಾರಿ ಸೀಮೆಯ ನೆಲದಲ್ಲಿ ನಡೆದ ಒಂದು ಘೋರ ಯುದ್ಧವೂ ಅದನ್ನು ನಿಲ್ಲಿಸಿದ ಮಾತುಕತೆಯೂ ಈ ಎರಡು ಚಿತ್ರಗಳ ನಡುವೆ ಮರೆಯಾಗಿವೆ. ಬುಕ್ಕನ ಜೀವನವನ್ನು ಆ ಯುದ್ಧದ ಕಡೆಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಗಮನ ಐವರು ಮಕ್ಕಳಲ್ಲಿ ಬುಕ್ಕನೊಬ್ಬ. 1327ರಲ್ಲಿ ಕಂಪಿಲಿ ರಾಜ್ಯವು ದೆಹಲಿಯ ಸೇನೆಗೆ ಬಲಿಯಾದ ಕಾಲ ಆತನ ಯೌವನದ ಕಾಲ. ಅಣ್ಣ ಹರಿಹರನೊಡನೆ ರಾಜ್ಯವನ್ನು ಕಟ್ಟಿ, 1346ರಲ್ಲಿ ಸೋದರರೊಡಗೂಡಿ ಶೃಂಗೇರಿಯ ವಿಜಯೋತ್ಸವದಲ್ಲಿ ಪಾಲ್ಗೊಂಡನು. 1356ರ ಸುಮಾರಿಗೆ ಪಟ್ಟವೇರಿ 1377ರವರೆಗೆ ಆಳಿದನು. ಶಾಸನಗಳು ಆತನಿಗೆ ಕೊಡುವ ಬಿರುದುಗಳಲ್ಲಿ ಭಾಷೆಗೆ ತಪ್ಪುವ ರಾಯರ ಗಂಡ ಎಂಬುದೊಂದು. ಕೊಟ್ಟ ಮಾತಿಗೆ ತಪ್ಪಿದ ಅರಸರನ್ನು ಶಿಕ್ಷಿಸುವವನು ಎಂಬ ಈ ಬಿರುದನ್ನು ಮುಂದಿನ ಸಂಗತಿಗಳ ಹಿನ್ನೆಲೆಯಲ್ಲಿ ನೆನಪಿನಲ್ಲಿಡಬೇಕಾಗುತ್ತದೆ.

ಯುದ್ಧದ ವಿವರಗಳು ನಮಗೆ ದೊರೆಯುವುದು ಮುಖ್ಯವಾಗಿ ಫೆರಿಸ್ತಾನಿಂದ. ಆತ ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದು, ಘಟನೆಗಳಾಗಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಬರೆದವನು. ಬಹಮನಿ ಅರಸರ ಕೀರ್ತಿಯನ್ನು ಹೆಚ್ಚಿಸುವ ಒಲವು ಅವನಿಗಿತ್ತು. ಆದುದರಿಂದ ಆತನ ಸಂಖ್ಯೆಗಳನ್ನು ಹಾಗೆಯೇ ಸ್ವೀಕರಿಸಲಾಗದು. ಆದರೆ ಆತ ಹೇಳುವ ಕ್ರಮ ಮಾತ್ರ ಗಮನಾರ್ಹವಾದುದು. ಕಲಬುರಗಿಯ ಸುಲ್ತಾನ ಮುಹಮ್ಮದ್ ಶಾ ಒಂದು ಸಂತೋಷಕೂಟದಲ್ಲಿ ಹಾಡಿದ ಗಾಯಕರಿಗೆ ಬಹುಮಾನವಾಗಿ ವಿಜಯನಗರದ ಬೊಕ್ಕಸದ ಮೇಲೆ ಹುಂಡಿ ಬರೆದುಕೊಟ್ಟನು. ಅದನ್ನು ತಂದ ದೂತನನ್ನು ಬುಕ್ಕನು ಅವಮಾನಿಸಿ ಅಟ್ಟಿದನು. ಅಷ್ಟಕ್ಕೇ ನಿಲ್ಲದೆ ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದು, ಕೋಟೆಯ ಪಡೆಯನ್ನು ಕೊಲ್ಲಿಸಿದನು. ಸುದ್ದಿ ತಂದ ಒಬ್ಬನೇ ಒಬ್ಬ ಬದುಕುಳಿದವನನ್ನು, ಜೊತೆಗಾರರು ಸತ್ತಿರಲು ತಾನು ಉಳಿದು ಬಂದುದಕ್ಕಾಗಿ ಸುಲ್ತಾನನು ಕೊಲ್ಲಿಸಿದನೆನ್ನಲಾಗಿದೆ. ಬಳಿಕ, ಒಂದು ಲಕ್ಷ ಜನರನ್ನು ಕೊಲ್ಲುವವರೆಗೆ ಕತ್ತಿಯನ್ನು ಒರೆಗೆ ಸೇರಿಸೆನೆಂದು ಶಪಥ ಮಾಡಿದನು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಹುಂಡಿಯ ಉದ್ಧಟತನ ಸುಲ್ತಾನನದು. ಆದರೆ ಅವಮಾನವನ್ನು ಹತ್ಯೆಯಾಗಿ ಮಾರ್ಪಡಿಸಿದ ಮೊದಲ ಹೆಜ್ಜೆ ಬುಕ್ಕನದು. ನಮ್ಮ ಅಭಿಮಾನದ ಚರಿತ್ರೆಗಳು ಈ ಹೆಜ್ಜೆಯನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ.

1366ರಲ್ಲಿ ಸುಲ್ತಾನನು ತುಂಗಭದ್ರೆಯನ್ನು ದಾಟಿ ದಕ್ಷಿಣಕ್ಕೆ ಬಂದನು. ನಿರ್ಣಾಯಕ ಯುದ್ಧ ನಡೆದ ಸ್ಥಳವನ್ನು, ಬಳ್ಳಾರಿಯಲ್ಲಿ ಕಲೆಕ್ಟರನಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಕೌತಾಳಂ ಎಂದು ಗುರುತಿಸಿದನು. ಅದು ಸಿರುಗುಪ್ಪಕ್ಕೆ ಈಶಾನ್ಯದಲ್ಲಿ, ಆದವಾನಿಯ ದಾರಿಯಲ್ಲಿದೆ. 1953ರಲ್ಲಿ ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೇಲೆ, ಜಿಲ್ಲೆಯ ಚರಿತ್ರೆ ಬರೆಯುವವರ ಕಣ್ಣಿಗೆ ಆ ರಣಭೂಮಿ ಬೀಳದಂತಾಯಿತು. ಹಂಪೆಯಿಂದ ಆದವಾನಿಗೆ ಹೋಗುವ ಸೀಮೆಯಲ್ಲೇ ಸಿಂದರ ಹಳೆಯ ರಾಜಧಾನಿಯಾದ ಕುರುಗೋಡು ಇದೆ. ಸಿರುಗುಪ್ಪ, ಕುರುಗೋಡುಗಳ ಸುತ್ತಲಿನ ಎರೆಭೂಮಿಯ ಹಳ್ಳಿಗಳು ಎರಡು ರಾಜಧಾನಿಗಳ ನಡುವಣ ಹಾದಿಯಲ್ಲಿದ್ದುದೇ ಅವುಗಳ ದುರ್ದೈವ. ಕೌತಾಳದಲ್ಲಿ ವಿಜಯನಗರದ ಸೇನೆ ಸೋತಿತು. ಆಮೇಲೆ ನಡೆದುದು ಯುದ್ಧವಲ್ಲ, ಬೇಟೆ. ಹೆಂಗಸರು, ಮಕ್ಕಳು, ಬಸುರಿಯರು ಸಹ ಉಳಿಯಲಿಲ್ಲವೆಂದು ಫೆರಿಸ್ತಾನೇ ಬರೆಯುತ್ತಾನೆ. ತಿಂಗಳುಗಟ್ಟಲೆ ಬುಕ್ಕನು ಬೆನ್ನಟ್ಟಿಸಿಕೊಂಡು ಅಲೆದನು. ರಾಜಧಾನಿಯ ಹೊರಗೆ ನಡೆದ ಇರುಳ ದಾಳಿಯಲ್ಲಿ ಮತ್ತಷ್ಟು ಜನ ಸತ್ತರು. ಕೊನೆಗೆ ಆತನ ಅಧಿಕಾರಿಗಳೇ ಸಂಧಿಗೆ ಒತ್ತಾಯಿಸಿದರು.

ಸಂಧಿಯ ಸ್ವರೂಪವೇ ಈ ಲೇಖನದ ಕೇಂದ್ರ. ಸುಲ್ತಾನನು ಬೇರೇನನ್ನೂ ಬೇಡದೆ ಹುಂಡಿಯ ಹಣವನ್ನಷ್ಟೇ ಕೇಳಿದನು. ಬುಕ್ಕನ ದೂತರು ಅದನ್ನು ಸಲ್ಲಿಸಿದರು. ಹಾಗೆ ಸಲ್ಲಿಸಿದ ಮೇಲೆ ಅವರು ಒಂದು ವಾದವನ್ನು ಮುಂದಿಟ್ಟರು: ತಪ್ಪು ತಮ್ಮ ಅರಸನದೇ ಆಗಿದ್ದರೂ ಅದರಲ್ಲಿ ಪಾಲಿಲ್ಲದ ಬಡವರನ್ನು, ಹೆಂಗಸರು ಮಕ್ಕಳನ್ನು ದಂಡಿಸುವುದನ್ನು ಯಾವ ಧರ್ಮವೂ ಒಪ್ಪದು, ಎರಡು ರಾಜ್ಯಗಳೂ ನೆರೆಯವಾಗಿಯೇ ಇರಬೇಕಾದ್ದರಿಂದ ಮುಂದಿನ ಯುದ್ಧಗಳಲ್ಲಿ ನಿರಾಯುಧರನ್ನು ಕೊಲ್ಲುವುದಿಲ್ಲವೆಂಬ ಕರಾರು ಆಗಬೇಕು. ಸುಲ್ತಾನನು ಅದನ್ನೊಪ್ಪಿ ತನ್ನ ವಂಶಜರನ್ನೂ ಅದಕ್ಕೆ ಬದ್ಧಗೊಳಿಸಿದನು.

ಇದನ್ನು ಕ್ಷಮೆ ಎನ್ನಬಹುದೆ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಮುದಗಲ್ಲಿನಲ್ಲಿ ಸತ್ತವರಿಗಾಗಿ ಬುಕ್ಕನಾಗಲಿ, ಕೌತಾಳದಲ್ಲಿ ಸತ್ತವರಿಗಾಗಿ ಸುಲ್ತಾನನಾಗಲಿ ಕ್ಷಮೆ ಯಾಚಿಸಲಿಲ್ಲ. ಕ್ಷಮಿಸುವ ಹಕ್ಕುಳ್ಳವರು ಆ ಮಾತುಕತೆಯಲ್ಲಿ ಇರಲೂ ಇಲ್ಲ. ಅಲ್ಲಿ ಆದುದು ಕ್ಷಮೆಗಿಂತ ಕಿರಿದಾದ, ಆದರೆ ಅಳೆಯಬಹುದಾದ ಸಂಗತಿ: ಅರಸನ ಅಪರಾಧವನ್ನು ಪ್ರಜೆಯ ದೇಹದಿಂದ ಬೇರ್ಪಡಿಸಿದುದು. ಮುಯ್ಯಿಗೆ ಮುಯ್ಯಿ ಎಂಬುದು ಅರಸರ ನಡುವೆ ಉಳಿಯಿತು. ಅದರ ಲೆಕ್ಕಕ್ಕೆ ಊರುಗಳನ್ನು ಸೇರಿಸಬಾರದೆಂದು ಮಾತ್ರ ಗೆರೆ ಎಳೆಯಲಾಯಿತು.

ಇದಾದ ಸ್ವಲ್ಪ ಕಾಲಕ್ಕೆ, ಶಕ 1290, ಎಂದರೆ ಕ್ರಿ.ಶ. 1368ರಲ್ಲಿ, ಶ್ರವಣಬೆಳಗೊಳದ ಪ್ರಸಿದ್ಧ ಶಾಸನ ಹುಟ್ಟಿತು. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಗಳ ಜೈನರು ಬುಕ್ಕನಲ್ಲಿ ಮೊರೆಯಿಟ್ಟರು. ಆತ ಹಳೆಯ ತಪ್ಪಿಗೆ ಯಾರನ್ನೂ ದಂಡಿಸಲಿಲ್ಲ. ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ಸಾರಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಜೈನರಿಗೆ ಪಂಚಮಹಾವಾದ್ಯ, ಕಲಶಗಳ ಹಕ್ಕನ್ನು ಉಳಿಸಿಕೊಟ್ಟನು. ಜೈನರ ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಎತ್ತಿ ಬೆಳಗೊಳದ ದೇವರಿಗೆ 20 ಕಾವಲಾಳುಗಳನ್ನು ನೇಮಿಸುವ, ಉಳಿದುದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆ ಬಿದ್ದುದು ತಿರುಮಲೆಯ ತಾತಯ್ಯನ ಮೇಲೆ. ಆಪಾದಿತ ಪಕ್ಷದವನನ್ನೇ ರಕ್ಷಕನನ್ನಾಗಿ ನಿಲ್ಲಿಸಿದ ಈ ಏರ್ಪಾಡು ಜಾಣತನದ್ದು. ಜೊತೆಗೆ, ಮುಂದೆ ಕಟ್ಟಳೆ ಮೀರಿದವನು ರಾಜದ್ರೋಹಿ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಕೌತಾಳದ ಅನುಭವವೇ ಈ ತೀರ್ಪಿಗೆ ಕಾರಣವೆಂದು ಯಾವ ಶಾಸನವೂ ಹೇಳುವುದಿಲ್ಲ, ನಾವೂ ಹೇಳಬೇಕಾಗಿಲ್ಲ. ಹಿಂದಿನದನ್ನು ಮುಚ್ಚಿ ಮುಂದಿನದಕ್ಕೆ ಶಿಕ್ಷೆಯನ್ನು ನಿಗದಿಪಡಿಸುವ ವಿಧಾನ ಮಾತ್ರ ಎರಡೂ ಕಡೆ ಒಂದೇ.

ಇದರಿಂದ ಬುಕ್ಕನು ಶಾಂತಿಪ್ರಿಯನಾದನೆಂದು ಭಾವಿಸಲಾಗದು. ಆತನ ಆಳ್ವಿಕೆಯಲ್ಲೇ ಮಗ ಕಂಪಣನು ಮಧುರೆಯ ಸುಲ್ತಾನರ ಆಳ್ವಿಕೆಯನ್ನು ಯುದ್ಧದಿಂದಲೇ ಮುರಿದನು.

ದಖ್ಖನದಲ್ಲಿ ಅಂದಿನಿಂದ ನಿರಾಯುಧರನ್ನು ಕೊಲ್ಲದಿರುವುದು ರೂಢಿಯಾಯಿತೆಂದು ಫೆರಿಸ್ತಾ ಹೇಳುತ್ತಾನಾದರೂ ಅದರ ಭಂಗವನ್ನೂ ಅವನೇ ದಾಖಲಿಸಿದ್ದಾನೆ. ಬುಕ್ಕನ ಮರಣದ ನಾಲ್ಕು ದಶಕಗಳ ಬಳಿಕ, 1420ರ ಸುಮಾರಿಗೆ, ಪಾನಗಲ್ಲಿನ ಬಳಿ ಫಿರೋಜ್ ಶಾನನ್ನು ಸೋಲಿಸಿದ ವಿಜಯನಗರದ ಸೇನೆ ಸೋತವರಿಗೆ ಕರುಣೆ ತೋರಲಿಲ್ಲ. ಕೆಲವೇ ವರ್ಷಗಳಲ್ಲಿ ಅಹಮದ್ ಶಾ ತುಂಗಭದ್ರೆಯನ್ನು ದಾಟಿ, ಹಳೆಯ ಕರಾರನ್ನು ಬದಿಗಿರಿಸಿ, ಹಳ್ಳಿಗಳ ಜನರನ್ನು ಕೊಲ್ಲಿಸಿದನು. ಸತ್ತವರ ಎಣಿಕೆ 20,000 ಮುಟ್ಟಿದಾಗಲೆಲ್ಲ ಮೂರು ದಿನ ತಂಗಿ ಉತ್ಸವ ಮಾಡಿದನೆಂದು ಅದೇ ಗ್ರಂಥ ತಿಳಿಸುತ್ತದೆ. ಭಾಷೆಗೆ ತಪ್ಪುವ ರಾಯರ ಗಂಡ ಎಂಬ ಬಿರುದು ಆ ಕಾಲದ ವಿಜಯನಗರದ ಶಾಸನಗಳಲ್ಲಿಯೂ ಮುಂದುವರಿದಿದೆ.