ಹನಿ ಎಣ್ಣೆಯ ಬೆಲೆ ಬಲ್ಲವರು

ಮಕ್ಕಳೇ, ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಒಂದು ಸಣ್ಣ ಮೋಟಾರ್ ಸೈಕಲ್ ಇರಬಹುದು. ನಸುಕಿನಲ್ಲಿ ಹಾಲಿನ ಕ್ಯಾನು, ಸಂತೆಯ ದಿನ ಕಾಯಿಪಲ್ಲೆಯ ಚೀಲ, ಮಳೆಗಾಲದಲ್ಲಿ ಗೊಬ್ಬರದ ಮೂಟೆ, ಎಲ್ಲವನ್ನೂ ಅದು ಹೊರುತ್ತದೆ. ಗಾಡಿ ಕೊಳ್ಳಲು ಹೋದಾಗ ಹಿರಿಯರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ಯಾವುದು ಗೊತ್ತೇ? ಒಂದು ಲೀಟರ್ ಪೆಟ್ರೋಲಿಗೆ ಅದು ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದು. ಬಡವರ ಸಂಸಾರದಲ್ಲಿ ಪೆಟ್ರೋಲಿನ ಪ್ರತಿಯೊಂದು ಹನಿಗೂ ಲೆಕ್ಕವಿರುತ್ತದೆ. ಆ ಲೆಕ್ಕವನ್ನು ಚೆನ್ನಾಗಿ ಅರಿತು, ಸಣ್ಣ ಎಂಜಿನ್ ಕಟ್ಟಿ ಲೋಕಪ್ರಸಿದ್ಧರಾದ ಒಬ್ಬರಿದ್ದರು. ಅವರೇ ಜಪಾನ್ ದೇಶದ ಸೊಯಿಚಿರೊ ಹೊಂಡಾ.

ಹೊಂಡಾ ಅವರು 1906ರ ನವೆಂಬರ್ 17ರಂದು ಹಮಮಾತ್ಸು ಪಟ್ಟಣದ ಸಮೀಪದ ಒಂದು ಹಳ್ಳಿಯಲ್ಲಿ ಹುಟ್ಟಿದರು. ತಂದೆ ಗಿಹೇ ಕಮ್ಮಾರ. ತಾಯಿ ಮಿಕಾ ಮನೆಯಲ್ಲಿ ಬಟ್ಟೆ ನೇಯುತ್ತಿದ್ದರು. ಕುಲುಮೆಯ ಕೆಲಸದ ಜೊತೆಗೆ ತಂದೆ ಹಳೆಯ ಸೈಕಲ್‌ಗಳನ್ನೂ ದುರಸ್ತಿ ಮಾಡತೊಡಗಿದರು. ಸುತ್ತಿಗೆಯ ಸದ್ದು, ಕಾದ ಕಬ್ಬಿಣದ ಕೆಂಪು, ಕೈಗೆ ಮೆತ್ತುವ ಮಸಿ, ಇವುಗಳ ನಡುವೆಯೇ ಹುಡುಗ ಬೆಳೆದ. ಶಾಲೆಯ ಪುಸ್ತಕಗಳಲ್ಲಿ ಅವನಿಗೆ ಅಷ್ಟು ಮನಸ್ಸಿರಲಿಲ್ಲ. ಆದರೆ ಯಾವುದೇ ಯಂತ್ರ ಕಂಡರೂ ಅದು ಹೇಗೆ ನಡೆಯುತ್ತದೆ ಎಂದು ತಿಳಿಯುವವರೆಗೆ ಅವನಿಗೆ ಸಮಾಧಾನವಿರಲಿಲ್ಲ.

ಒಂದು ದಿನ ಅವರ ಹಳ್ಳಿಗೆ ಮೊದಲ ಬಾರಿಗೆ ಮೋಟಾರು ಕಾರೊಂದು ಬಂತು. ಸೊಯಿಚಿರೊ ಅದರ ಹಿಂದೆಯೇ ಓಡಿದ. ಕಾರು ನಿಂತಾಗ ಅದರಿಂದ ನೆಲಕ್ಕೆ ಒಂದಿಷ್ಟು ಎಣ್ಣೆ ತೊಟ್ಟಿಕ್ಕಿತು. ಹುಡುಗ ಬಗ್ಗಿ ಆ ಎಣ್ಣೆಯ ವಾಸನೆ ನೋಡಿದ, ಅದನ್ನು ಕೈಗೆ ಹಚ್ಚಿಕೊಂಡ. ಆ ವಾಸನೆ ಅವನ ಮನಸ್ಸಿನಿಂದ ಕೊನೆಯವರೆಗೂ ಹೋಗಲಿಲ್ಲ. 1917ರಲ್ಲಿ ಹಮಮಾತ್ಸುವಿನಲ್ಲಿ ವಿಮಾನ ಹಾರಾಟದ ಪ್ರದರ್ಶನವಿತ್ತು. ಹುಡುಗ ತಂದೆಯ ದೊಡ್ಡ ಸೈಕಲನ್ನು ಹೇಳದೆ ಕೇಳದೆ ತೆಗೆದುಕೊಂಡು ಅಷ್ಟು ದೂರ ತುಳಿದು ಹೋದ. ಒಳಗೆ ಹೋಗಲು ಬೇಕಾದಷ್ಟು ಹಣ ಅವನಲ್ಲಿರಲಿಲ್ಲ. ಹತ್ತಿರದ ಮರ ಹತ್ತಿ ಕುಳಿತು ವಿಮಾನ ನೋಡಿಯೇ ಮನೆಗೆ ಮರಳಿದ.

1922ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಅವನು ಟೋಕಿಯೋ ನಗರದ ಒಂದು ಮೋಟಾರು ದುರಸ್ತಿ ಅಂಗಡಿಗೆ ಕೆಲಸ ಕಲಿಯಲು ಹೋದ. ಆದರೆ ಕೈಗೆ ಸಿಕ್ಕಿದ್ದು ಸ್ಪ್ಯಾನರ್ ಅಲ್ಲ, ಮಾಲೀಕರ ಎಳೆಯ ಮಗು! ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಆಡಿಸುವುದು, ನೆಲ ಒರೆಸುವುದು, ಇದೇ ಅವನ ಕೆಲಸವಾಯಿತು. ಊರಿಗೆ ಓಡಿಹೋಗಬೇಕೆಂದು ಎಷ್ಟೋ ಸಲ ಅನ್ನಿಸಿತು. ಆದರೂ ತಡೆದುಕೊಂಡ. ಮಗುವನ್ನು ಹೊತ್ತುಕೊಂಡೇ ಹಿರಿಯ ಕೆಲಸಗಾರರು ಎಂಜಿನ್ ಬಿಚ್ಚುವುದನ್ನು ಕಣ್ಣಿಟ್ಟು ನೋಡಿದ. ತಿಂಗಳುಗಳು ಕಳೆದ ಮೇಲೆ ಅವನ ಕೈಗೂ ಕೆಲಸ ಬಂತು. 1923ರ ದೊಡ್ಡ ಭೂಕಂಪದಲ್ಲಿ ಟೋಕಿಯೋ ಹೊತ್ತಿ ಉರಿಯಿತು. ಅಂಗಡಿಯೂ ಸುಟ್ಟುಹೋಯಿತು. ಹೆಚ್ಚಿನ ಕೆಲಸಗಾರರು ಊರಿಗೆ ಹೊರಟುಹೋದರು. ಸೊಯಿಚಿರೊ ಅಲ್ಲಿಯೇ ಉಳಿದು, ಬೆಂದುಹೋದ ಕಾರುಗಳನ್ನು ರಿಪೇರಿ ಮಾಡುತ್ತ ಕೆಲಸವನ್ನು ಪೂರ್ತಿಯಾಗಿ ಕಲಿತ. 1928ರಲ್ಲಿ ಹಮಮಾತ್ಸುವಿಗೆ ಬಂದು ಅದೇ ಅಂಗಡಿಯ ಶಾಖೆ ತೆರೆದ.

ದುರಸ್ತಿ ಮಾಡುವುದಷ್ಟೇ ಹೊಂಡಾ ಅವರಿಗೆ ಸಾಕೆನಿಸಲಿಲ್ಲ. ತಾವೇ ಏನನ್ನಾದರೂ ತಯಾರಿಸಬೇಕೆಂದು ಪಿಸ್ಟನ್ ರಿಂಗ್ ಮಾಡಲು ಹೊರಟರು. ಎಂಜಿನ್ನಿನೊಳಗೆ ಕೊಳವೆಯಂತಹ ಸಿಲಿಂಡರ್ ಇರುತ್ತದೆ. ಅದರಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ನಿಗೆ ತೊಡಿಸಿದ ಸಣ್ಣ ಬಳೆಗಳೇ ಪಿಸ್ಟನ್ ರಿಂಗ್‌ಗಳು. ಉರಿದ ಅನಿಲ ಸಂದಿಯಿಂದ ಸೋರಿ ಶಕ್ತಿ ಪೋಲಾಗದಂತೆ ಅವು ತಡೆಯುತ್ತವೆ. ಕೆಳಗಿನ ಎಣ್ಣೆ ಮೇಲೇರಿ ಉರಿಯದಂತೆಯೂ ಕಾಯುತ್ತವೆ. ಬಳೆ ಚಿಕ್ಕದು, ಆದರೆ ಅದನ್ನು ಮಾಡುವುದು ಬಲು ಕಷ್ಟ. ಹೊಂಡಾ ಹಗಲು ರಾತ್ರಿ ದುಡಿದರೂ ರಿಂಗ್‌ಗಳು ಸರಿಬರಲಿಲ್ಲ. ಕೂಡಿಟ್ಟ ಹಣ ಕರಗುತ್ತ ಬಂತು.

ಆಗ ಅವರು ತಮ್ಮ ಕೊರತೆಯನ್ನು ಒಪ್ಪಿಕೊಂಡರು. ಕೈಯಲ್ಲಿ ಕೆಲಸವಿತ್ತು, ಲೋಹದ ತಿಳಿವಳಿಕೆ ಇರಲಿಲ್ಲ. ಮೂವತ್ತರ ಪ್ರಾಯದಲ್ಲಿ ಹುಡುಗರ ಜೊತೆ ತಾಂತ್ರಿಕ ಶಾಲೆಯ ಬೆಂಚಿನಲ್ಲಿ ಕುಳಿತರು. ತಮ್ಮ ಲೋಹದಲ್ಲಿ ಸಿಲಿಕಾನ್ ಕಡಿಮೆಯಿದೆ ಎಂಬುದು ಅಲ್ಲಿ ತಿಳಿಯಿತು. ಅಷ್ಟಾದರೂ ಗೆಲುವು ಕೂಡಲೇ ಸಿಗಲಿಲ್ಲ. ಟೊಯೋಟಾ ಕಂಪನಿಯ ಪರೀಕ್ಷೆಗೆ ಅವರು ಒಪ್ಪಿಸಿದ 50 ರಿಂಗ್‌ಗಳಲ್ಲಿ ಮೂರು ಮಾತ್ರ ತೇರ್ಗಡೆಯಾದವು. ಹೊಂಡಾ ಎದೆಗುಂದಲಿಲ್ಲ. ಬೇರೆ ಬೇರೆ ಕಾರ್ಖಾನೆಗಳನ್ನು ನೋಡಿಬಂದು, ತಪ್ಪು ತಿದ್ದಿಕೊಂಡು, ಕೊನೆಗೆ ಒಳ್ಳೆಯ ರಿಂಗ್‌ಗಳನ್ನೇ ಮಾಡಿದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಬಾಂಬು ಬಿದ್ದು ಒಂದು ಕಾರ್ಖಾನೆ ಹಾಳಾಯಿತು. 1945ರ ಜನವರಿಯಲ್ಲಿ ಭೂಕಂಪವಾಗಿ ಇನ್ನೊಂದೂ ಕುಸಿಯಿತು. ಉಳಿದುದನ್ನು ಹೊಂಡಾ ಮಾರಿಬಿಟ್ಟರು.

ಯುದ್ಧ ಮುಗಿದಾಗ ಜಪಾನಿನಲ್ಲಿ ಅನ್ನಕ್ಕೂ ಬರ, ಪೆಟ್ರೋಲಿಗೂ ಬರ. ರೈಲು, ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಂಡಾ ಅವರ ಹೆಂಡತಿ ಸಾಚಿ ದವಸ ಹುಡುಕಿಕೊಂಡು ಸೈಕಲ್ ತುಳಿಯುತ್ತ ದೂರದ ಹಳ್ಳಿಗಳಿಗೆ ಹೋಗಬೇಕಾಗಿತ್ತು. 1946ರಲ್ಲಿ ಹೊಂಡಾ ಅವರ ಕಣ್ಣಿಗೆ ಸೈನ್ಯದ ರೇಡಿಯೋಗಳಿಗೆ ವಿದ್ಯುತ್ ಕೊಡಲು ಬಳಸುತ್ತಿದ್ದ ಒಂದು ಪುಟ್ಟ ಎಂಜಿನ್ ಬಿತ್ತು. ಯುದ್ಧ ಮುಗಿದ ಮೇಲೆ ಅದು ಯಾರಿಗೂ ಬೇಡವಾಗಿತ್ತು. ಅದನ್ನೇ ಸೈಕಲ್ಲಿಗೆ ಕಟ್ಟಿದರೆ ಹೇಗೆ ಎಂದು ಅವರು ಯೋಚಿಸಿದರು. ಪೆಟ್ರೋಲ್ ತುಂಬಲು ಟ್ಯಾಂಕ್ ಇರಲಿಲ್ಲ. ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡಲು ಬಳಸುವ ಬಿಸಿನೀರಿನ ಡಬ್ಬಿಯೇ ಟ್ಯಾಂಕ್ ಆಯಿತು! ಅದನ್ನು ಮೊದಮೊದಲು ಓಡಿಸಿ ನೋಡಿದವರಲ್ಲಿ ಸಾಚಿಯೂ ಒಬ್ಬರು. ಜನ ಅಂಥ ಸೈಕಲ್ಲಿಗಾಗಿ ಮುಗಿಬಿದ್ದರು. ಹಳೆಯ ಎಂಜಿನ್‌ಗಳು ಮುಗಿದಾಗ ಹೊಂಡಾ ತಾವೇ ಎಂಜಿನ್ ತಯಾರಿಸಿದರು. 1948ರ ಸೆಪ್ಟೆಂಬರಿನಲ್ಲಿ ಹೊಂಡಾ ಮೋಟಾರ್ ಕಂಪನಿ ಹುಟ್ಟಿತು. ಮರುವರ್ಷ ತಕೆಯೊ ಫುಜಿಸಾವಾ ಎಂಬವರು ಬಂದು ಸೇರಿದರು. ಹೊಂಡಾ ಯಂತ್ರ ನೋಡಿಕೊಂಡರು, ಫುಜಿಸಾವಾ ವ್ಯಾಪಾರ ನೋಡಿಕೊಂಡರು.

ಅವರ ಮೊದಲ ಎಂಜಿನ್‌ಗಳು ಟೂ ಸ್ಟ್ರೋಕ್ ಬಗೆಯವು. ಅವು ಹಗುರ, ಮಾಡಲು ಸುಲಭ. ಆದರೆ ಆಗಿನ ಅಂಥ ಎಂಜಿನ್‌ಗಳಲ್ಲಿ ಒಂದಿಷ್ಟು ಪೆಟ್ರೋಲ್ ಉರಿಯದೆಯೇ ಹೊಗೆಯ ಜೊತೆ ಹೊರಗೆ ಹೋಗುತ್ತಿತ್ತು. ಪೆಟ್ರೋಲಿಗೆ ಎಣ್ಣೆಯನ್ನೂ ಬೆರೆಸಬೇಕಾಗಿದ್ದರಿಂದ ಹೊಗೆ ಬಹಳ. ಫೋರ್ ಸ್ಟ್ರೋಕ್ ಎಂಜಿನ್ ಹಾಗಲ್ಲ. ಅದರಲ್ಲಿ ನಾಲ್ಕು ಹಂತಗಳು. ಗಾಳಿ ಮತ್ತು ಪೆಟ್ರೋಲನ್ನು ಒಳಗೆ ಎಳೆದುಕೊಳ್ಳುವುದು ಮೊದಲನೆಯದು. ಅದನ್ನು ಒತ್ತಿ ಹಿಡಿಯುವುದು ಎರಡನೆಯದು. ಕಿಡಿ ತಾಗಿ ಉರಿದು ಪಿಸ್ಟನ್ನನ್ನು ತಳ್ಳುವುದು ಮೂರನೆಯದು. ಹೊಗೆಯನ್ನು ಹೊರಗೆ ದೂಡುವುದು ನಾಲ್ಕನೆಯದು. ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆ ಸರದಿ ಇರುವುದರಿಂದ ಪೆಟ್ರೋಲ್ ಕಡಿಮೆ ಪೋಲಾಗುತ್ತದೆ. 1951ರಲ್ಲಿ ಹೊಂಡಾ ಕಂಪನಿ ಫೋರ್ ಸ್ಟ್ರೋಕ್ ಮೋಟಾರ್ ಸೈಕಲ್ ತಯಾರಿಸಿತು. ಬಿರುಮಳೆಯಲ್ಲಿ ಹಕೊನೆ ಎಂಬ ಕಡಿದಾದ ಘಾಟಿಯನ್ನು ಹತ್ತಿಸಿ ಅದನ್ನು ಪರೀಕ್ಷಿಸಿದರು. ಅದು ನಿಲ್ಲದೆ ಹತ್ತಿತು.

1958ರಲ್ಲಿ ಸೂಪರ್ ಕಬ್ ಎಂಬ ಗಾಡಿ ಬಂತು. ಅದರ ಎಂಜಿನ್ ಕೇವಲ 49 ಸಿ.ಸಿ.ಯದು. ಉಪಾಹಾರದ ಅಂಗಡಿಯ ಹುಡುಗ ಒಂದು ಕೈಯಲ್ಲಿ ಶಾವಿಗೆಯ ತಟ್ಟೆ ಹಿಡಿದು, ಇನ್ನೊಂದು ಕೈಯಿಂದಲೇ ಅದನ್ನು ಓಡಿಸುವಂತಿರಬೇಕೆಂದು ಹೊಂಡಾ ಮತ್ತು ಫುಜಿಸಾವಾ ಬಯಸಿದ್ದರು. ಅದಕ್ಕಾಗಿ ಕೈಯಿಂದ ಹಿಡಿಯುವ ಕ್ಲಚ್ಚನ್ನೇ ತೆಗೆದುಹಾಕಿದರು. ಕೆಸರು ಸಿಡಿಯದಂತೆ ಕಾಲಿನ ಮುಂದೆ ಗುರಾಣಿಯಂತಹ ತಗಡು ಕೊಟ್ಟರು, ಅದನ್ನು ಹಗುರವಾದ ಪ್ಲಾಸ್ಟಿಕ್ಕಿನಿಂದ ಮಾಡಿದರು. ಧೂಳು ಕೂರದಂತೆ ಚೈನನ್ನು ಮುಚ್ಚಿದರು. ಹೊಂಡರಸ್ತೆಯಲ್ಲೂ ಸಾಗುವಂತೆ ಚಕ್ರ ದೊಡ್ಡದು ಮಾಡಿದರು. ಹಾಲಿನವರು, ಅಂಚೆಯವರು, ಅಂಗಡಿಯವರು, ಹೆಂಗಸರು ಎಲ್ಲರೂ ಅದನ್ನು ಮೆಚ್ಚಿದರು. ಹಲವು ದೇಶಗಳಲ್ಲಿ ತಯಾರಾದ ಈ ಬಗೆಯ ಗಾಡಿಗಳ ಸಂಖ್ಯೆ 2017ರಲ್ಲಿ ಹತ್ತು ಕೋಟಿ ದಾಟಿತು.

ಈ ಎಂಜಿನ್ ವಿದ್ಯೆ ನಮ್ಮ ದೇಶಕ್ಕೂ ಬಂತು. 1984ರಲ್ಲಿ ಹೊಂಡಾ ಕಂಪನಿ ಇಲ್ಲಿಯ ಹೀರೋ ಕಂಪನಿಯ ಜೊತೆ ಸೇರಿತು. 1985ರಲ್ಲಿ ಅವರ 100 ಸಿ.ಸಿ. ಫೋರ್ ಸ್ಟ್ರೋಕ್ ಮೋಟಾರ್ ಸೈಕಲ್ ಮಾರಾಟಕ್ಕೆ ಬಂತು. ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಹೋಗುತ್ತಿದ್ದ ಅದು ಹಳ್ಳಿ ಹಳ್ಳಿಗೂ ತಲುಪಿತು. ಮುಂದೆ ಎರಡು ಕಂಪನಿಗಳೂ ಬೇರೆಯಾದವು. 2013ರಲ್ಲಿ ಕರ್ನಾಟಕದ ಕೋಲಾರದ ಬಳಿಯ ನರಸಾಪುರದಲ್ಲಿಯೂ ಹೊಂಡಾ ಕಾರ್ಖಾನೆ ಆರಂಭವಾಯಿತು.

ಆದರೆ ಮಕ್ಕಳೇ, ಎಂಜಿನ್ ಎಷ್ಟು ಒಳ್ಳೆಯದಾದರೂ ಅದನ್ನು ಇಟ್ಟುಕೊಂಡವರು ಚೆನ್ನಾಗಿ ನೋಡಿಕೊಳ್ಳಬೇಕು. ಗಾಳಿ ಕಡಿಮೆಯಾದ ಸೈಕಲನ್ನು ತುಳಿದು ನೋಡಿದ್ದೀರಾ? ಕಾಲು ಸೋಲುತ್ತದೆ. ಮೋಟಾರ್ ಸೈಕಲ್ಲಿಗೂ ಹಾಗೆಯೇ. ಟೈರಿನಲ್ಲಿ ಗಾಳಿ ಇಳಿದರೆ ಎಂಜಿನ್ ಹೆಚ್ಚು ದುಡಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಏರ್ ಫಿಲ್ಟರಿನಲ್ಲಿ ಧೂಳು ತುಂಬಿದರೆ ಅದು ಉಸಿರುಕಟ್ಟಿದಂತೆ ಒದ್ದಾಡುತ್ತದೆ. ಒಣಗಿದ ಚೈನು, ಚಕ್ರಕ್ಕೆ ಉಜ್ಜುವ ಬ್ರೇಕು, ಮಸಿ ಹಿಡಿದ ಸ್ಪಾರ್ಕ್ ಪ್ಲಗ್ಗು ಎಲ್ಲವೂ ಪೆಟ್ರೋಲನ್ನು ಕದಿಯುವ ಕಳ್ಳರೇ. ಎಂಜಿನ್ ಆಯಿಲ್ಲನ್ನು ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಹೊಂಡಾ ಅಷ್ಟು ಕಷ್ಟಪಟ್ಟು ಮಾಡಿದ ಆ ಪುಟ್ಟ ರಿಂಗ್‌ಗಳು ಬೇಗ ಸವೆಯುತ್ತವೆ. ಆಗ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ರೈಲು ಗೇಟಿನಲ್ಲಿ ಕಾಯುವಾಗ ಎಂಜಿನ್ ಆರಿಸುವುದು, ಸಮವಾದ ವೇಗದಲ್ಲಿ ಹೋಗುವುದು, ಕ್ಲಚ್ಚನ್ನು ಅರ್ಧ ಹಿಡಿದು ಓಡಿಸದಿರುವುದು, ಇವೂ ಉಳಿತಾಯದ ದಾರಿಗಳೇ.

ನೀವು ಗಾಡಿ ಓಡಿಸುವ ವಯಸ್ಸಿನವರಲ್ಲ. ಆದರೆ ಲೆಕ್ಕ ಬರೆಯಬಹುದು. ಟ್ಯಾಂಕ್ ಪೂರ್ತಿ ತುಂಬಿಸಿದ ದಿನ ಮೀಟರಿನ ಅಂಕಿ ಬರೆದಿಡಿ. ಮುಂದಿನ ಸಲ ಮತ್ತೆ ಪೂರ್ತಿ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತು, ನಡುವೆ ಎಷ್ಟು ಕಿಲೋಮೀಟರ್ ಓಡಿತು ನೋಡಿ. 240 ಕಿಲೋಮೀಟರಿಗೆ 4 ಲೀಟರ್ ಹಿಡಿದರೆ ಲೀಟರಿಗೆ 60 ಕಿಲೋಮೀಟರ್ ಆಯಿತು. ಮುಂದೊಮ್ಮೆ ಅದು 50ಕ್ಕೆ ಇಳಿದರೆ ಗಾಡಿಯನ್ನು ನೋಡಿಸಬೇಕೆಂದು ಮನೆಯವರಿಗೆ ನೀವೇ ತಿಳಿಸಬಹುದು.

ಹೊಂಡಾ ಅವರು 1973ರಲ್ಲಿ ಫುಜಿಸಾವಾ ಅವರ ಜೊತೆಯಲ್ಲಿಯೇ ಕೆಲಸದಿಂದ ನಿವೃತ್ತರಾದರು. ಬಳಿಕ ಸುಮ್ಮನೆ ಕೂರಲಿಲ್ಲ. ದೇಶದ ಮೂಲೆ ಮೂಲೆಗಳಲ್ಲಿದ್ದ ತಮ್ಮ ಕಾರ್ಖಾನೆ, ಅಂಗಡಿಗಳಿಗೆ ಹೋಗಿ ಕೆಲಸಗಾರರ ಕೈ ಕುಲುಕಿ ಧನ್ಯವಾದ ಹೇಳಿದರು. ಒಂದು ಕಡೆ ಕೆಲಸಗಾರನೊಬ್ಬ ಓಡಿಬಂದು ಕೈ ಚಾಚಿದ. ತನ್ನ ಕೈಯೆಲ್ಲ ಎಣ್ಣೆಯೆಂದು ಆಮೇಲೆ ನೆನಪಾಗಿ ನಾಚಿಕೆಯಿಂದ ಹಿಂದೆಗೆದುಕೊಂಡ. ಹೊಂಡಾ ಬಿಡಲಿಲ್ಲ. ಆ ಕೈಯನ್ನೇ ಹಿಡಿದು ಕುಲುಕಿದರು. ಬಳಿಕ ತಮ್ಮ ಅಂಗೈಗೆ ಅಂಟಿದ ಎಣ್ಣೆಯನ್ನು ಮೂಸಿ ನೋಡಿ ಸಂತೋಷಪಟ್ಟರು. ಬಾಲ್ಯದಲ್ಲಿ ಕಾರಿನ ಹಿಂದೆ ಓಡಿದ್ದ ಹುಡುಗ ಅವರೊಳಗೆ ಇನ್ನೂ ಇದ್ದ.

1991ರ ಆಗಸ್ಟ್ 5ರಂದು, 84ನೆಯ ವಯಸ್ಸಿನಲ್ಲಿ, ಹೊಂಡಾ ತೀರಿಕೊಂಡರು. ವಾಹನ ತಯಾರಿಸಿದ ತಮ್ಮಿಂದ ರಸ್ತೆಯಲ್ಲಿ ವಾಹನಗಳು ನಿಂತು ಜನರಿಗೆ ತೊಂದರೆಯಾಗಬಾರದೆಂದು, ತಮಗೆ ಕಂಪನಿಯ ವತಿಯಿಂದ ದೊಡ್ಡ ಅಂತ್ಯಕ್ರಿಯೆ ಬೇಡವೆಂದು ಅವರು ಮೊದಲೇ ತಿಳಿಸಿದ್ದರು.

ಕಮ್ಮಾರನ ಮಗನೊಬ್ಬ ಬೇಡವಾದ ಎಂಜಿನ್ನನ್ನು, ಸೋತ ಪ್ರಯತ್ನವನ್ನು, ಎಣ್ಣೆಯ ಒಂದು ಹನಿಯನ್ನು ಕೂಡ ವ್ಯರ್ಥವೆಂದು ಬಿಸಾಡಲಿಲ್ಲ. ನಾಳೆ ಬೆಳಿಗ್ಗೆ ಮನೆಯ ಮುಂದೆ ಮೋಟಾರ್ ಸೈಕಲ್ ಹೊರಡುವಾಗ ಅವರನ್ನು ನೆನೆಯಿರಿ. ಟೈರಿನಲ್ಲಿ ಗಾಳಿ ಇದೆಯೇ ಎಂದೂ ಒಮ್ಮೆ ನೋಡಿ.

ಅಭ್ಯಾಸ

1. ಟೋಕಿಯೋದ ಅಂಗಡಿಯಲ್ಲಿ ಸೊಯಿಚಿರೊಗೆ ಮೊದಲು ಸಿಕ್ಕ ಕೆಲಸ ಯಾವುದು? ಅವನು ಅಲ್ಲಿಯೇ ಉಳಿದದ್ದರಿಂದ ಏನು ಪ್ರಯೋಜನವಾಯಿತು?
2. ಮೂವತ್ತರ ಪ್ರಾಯದಲ್ಲಿ ಹೊಂಡಾ ಮತ್ತೆ ಶಾಲೆಗೆ ಏಕೆ ಹೋದರು?
3. ಫೋರ್ ಸ್ಟ್ರೋಕ್ ಎಂಜಿನ್ನಿನ ನಾಲ್ಕು ಹಂತಗಳನ್ನು ಕ್ರಮವಾಗಿ ಬರೆಯಿರಿ.
4. ಒಂದು ಮೋಟಾರ್ ಸೈಕಲ್ 5 ಲೀಟರ್ ಪೆಟ್ರೋಲಿಗೆ 275 ಕಿಲೋಮೀಟರ್ ಓಡಿತು. ಲೀಟರಿಗೆ ಎಷ್ಟು ಕಿಲೋಮೀಟರ್ ಆಯಿತು?
5. ನಿಮ್ಮೂರಿನ ಗ್ಯಾರೇಜಿನವರನ್ನು ಭೇಟಿಯಾಗಿ, ಪೆಟ್ರೋಲ್ ಉಳಿಸುವ ಐದು ಉಪಾಯಗಳನ್ನು ಕೇಳಿ ಬರೆಯಿರಿ.